ಎರಡು ಗೇಣು ನಾಲ್ಕು ಬೆರಳು: ಬೇಳೆ ಹಸನು ಮಾಡುವವರಿಗೆ ಚಷ್ಮಾ ಕೊಟ್ಟ ನನ್ನ ಅನುಭವ

ನನ್ನದು ಚಿತ್ತಾಪುರ ಕಡೆ ಒಂದು ಸಣ್ಣ ಚಷ್ಮಾ ಅಂಗಡಿ. ಆಪ್ಟೋಮೆಟ್ರಿ (ಕಣ್ಣು ಪರೀಕ್ಷೆ ಮಾಡಿ ಚಷ್ಮಾ ಕೊಡುವ) ಡಿಪ್ಲೊಮಾ ಮುಗಿಸಿ ಅಂಗಡಿ ಹಾಕಿ ಹದಿನಾಲ್ಕು ವರ್ಷ ಆಯಿತು. ನನ್ನ ಹಾಗೆ ಟ್ರಯಲ್ ಬಾಕ್ಸ್ (ಪರೀಕ್ಷೆಯ ಲೆನ್ಸಿನ ಪೆಟ್ಟಿಗೆ) ಹಿಡಿದು ಹಳ್ಳಿ ತಿರುಗುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೂರು ವರ್ಷದ ಕೆಳಗೆ ಎಲ್ಲರೂ "ಇದು ನಡೆಯೋ ಮಾತಲ್ಲ" ಎಂದಿದ್ದ ಕೆಲಸ ಈಗ ನಡೆಯುತ್ತಿದೆ. ತೊಗರಿ ಬೇಳೆ ಹಸನು ಮಾಡುವ ಹೆಣ್ಣುಮಕ್ಕಳಿಗೆ ಕೊಟ್ಟ ಚಷ್ಮಾಗಳಲ್ಲಿ ಹತ್ತಕ್ಕೆ ಎಂಟು ಇವತ್ತು ಮೂಗಿನ ಮೇಲಿವೆ. ಮೊದಲು ಹತ್ತಕ್ಕೆ ಮೂರು ಇದ್ದರೆ ಹೆಚ್ಚು. ಉಳಿದವು ಗೋಡೆಯ ಗೂಡಿನಲ್ಲೋ ಟ್ರಂಕಿನಲ್ಲೋ ಇರುತ್ತಿದ್ದವು.

ಶುರುವಾದದ್ದು ನಮ್ಮ ಅವ್ವನಿಂದ. ಆಗ ಅವಳಿಗೆ ಅರವತ್ತರ ಹತ್ತಿರ. ಮಗನದೇ ಚಷ್ಮಾ ಅಂಗಡಿ, ಆದರೂ ಅವ್ವ ಚಷ್ಮಾ ಹಾಕುತ್ತಿರಲಿಲ್ಲ. ನಾನೇ ಪರೀಕ್ಷೆ ಮಾಡಿ ಹತ್ತಿರದ ನೋಟಕ್ಕೆ ಪ್ಲಸ್ ಎರಡೂವರೆ ಪವರ್ ಕೊಟ್ಟಿದ್ದೆ. ಅಕ್ಷರ ಬರದವರಿಗೆಂದೇ ಇರುವ, ಹತ್ತಿರದ ನೋಟ ಅಳೆಯುವ ಚಾರ್ಟಿನಲ್ಲಿ ಕೊನೆಯ ಸಾಲಿನವರೆಗೂ ಬೆರಳಿಟ್ಟು ತೋರಿಸಿದ್ದಳು. ನನ್ನ ಲೆಕ್ಕದಲ್ಲಿ ಏನೂ ತಪ್ಪಿರಲಿಲ್ಲ. ಒಂದು ದಿನ ಊಟ ಮಾಡುವಾಗ ಬೇಳೆಯಲ್ಲಿ ಕಲ್ಲು ಸಿಕ್ಕಿ ಹಲ್ಲು ಕಟಕ್ ಎಂದಿತು. ಸಿಟ್ಟಿನಲ್ಲಿ "ಚಷ್ಮಾ ಯಾಕ ಹಾಕಲ್ಲ ನೀ?" ಎಂದೆ. ಅವ್ವ ಮೆಲ್ಲಗೆ ಹೇಳಿದಳು: "ನನಗ ಪೇಪರ್ ಓದ್ಲಾಕ ಬರಲ್ಲಪ್ಪ. ನಿನ್ನ ಚಷ್ಮಾದಾಗ ಪೇಪರ್ ಕಾಣ್ತದ, ಮರದಾಗಿನ ಕಲ್ಲು ಕಾಣಲ್ಲ."

ನಮ್ಮ ಕಡೆ ಮೊರಕ್ಕೆ ಮರ ಅಂತಾರೆ. ಊಟ ಅಲ್ಲಿಗೇ ಬಿಟ್ಟು ಅವ್ವನ ತೊಡೆ ಮೇಲೆ ಮೊರ ಇಟ್ಟು ಅಳೆದೆ. ಟೇಪು ಸಿಗಲಿಲ್ಲ, ಕೈಯಲ್ಲೇ ಅಳೆದೆ. ಕಣ್ಣಿನಿಂದ ಬೇಳೆಗೆ ಎರಡು ಗೇಣು ನಾಲ್ಕು ಬೆರಳು. ಆಮೇಲೆ ಟೇಪಿನಲ್ಲಿ ನೋಡಿದರೆ ಸುಮಾರು 52 ಸೆಂಟಿಮೀಟರ್. ನಾವು ಚಾರ್ಟ್ ಹಿಡಿಯುವುದು ಎಷ್ಟು ದೂರಕ್ಕೆ? 35, ಬಹಳ ಅಂದರೆ 40. ಆ ವಯಸ್ಸಿನ ಕಣ್ಣಿಗೆ ಪ್ಲಸ್ ಎರಡೂವರೆ ಹಾಕಿದರೆ 40 ಸೆಂಟಿಮೀಟರಿನಲ್ಲಿ ಚೆನ್ನಾಗಿ ಕಾಣುತ್ತದೆ, ಅದರಾಚೆ ಮಬ್ಬು. ಅವ್ವನಿಗೆ ಬೇಕಾಗಿದ್ದದ್ದು ಪ್ಲಸ್ ಎರಡು. ಟ್ರಯಲ್ ಫ್ರೇಮಿನಲ್ಲಿ ಅರ್ಧ ಪವರ್ ಇಳಿಸಿ ಹಾಕಿದೆ. ಅವಳು ಏನೂ ಮಾತಾಡಲಿಲ್ಲ, ಸುಮ್ನೆ ಕಲ್ಲು ಹೆಕ್ಕತೊಡಗಿದಳು. ಅರ್ಧ ಪವರ್ ಅಷ್ಟೇ. ಇಷ್ಟು ವರ್ಷ ಎಷ್ಟು ಜನಕ್ಕೆ ತಪ್ಪು ಕೊಟ್ಟಿದ್ದೇನೆ ಅಂತ ಆ ರಾತ್ರಿ ನಿದ್ದೆ ಬರಲಿಲ್ಲ.

ಇದೇನು ದೊಡ್ಡ ವಿಷಯ, ವರ್ಕಿಂಗ್ ಡಿಸ್ಟೆನ್ಸ್ (ಕೆಲಸ ಮಾಡುವಾಗಿನ ದೂರ) ಕೇಳಿ ಕೊಡಬೇಕು ಅಂತ ಕಾಲೇಜಿನಲ್ಲೇ ಹೇಳಿರುತ್ತಾರಲ್ಲ ಅಂತ ನೀವು ಅನ್ನಬಹುದು. ಹೇಳಿರುತ್ತಾರೆ. ಆದರೆ ಶಿಬಿರದಲ್ಲಿ ಇನ್ನೂರು ಜನ ಸಾಲಾಗಿ ನಿಂತಾಗ ಯಾರು ಕೇಳುತ್ತಾರೆ? ವಯಸ್ಸು ನೋಡಿ ನಲವತ್ತೈದಕ್ಕೆ ಒಂದೂವರೆ, ಐವತ್ತಕ್ಕೆ ಎರಡು, ಅರವತ್ತಕ್ಕೆ ಎರಡೂವರೆ ಅಂತ ಕೈಗೆ ಕೊಟ್ಟು ಕಳಿಸುತ್ತೇವೆ. ನಾನೂ ಹಾಗೇ ಕೊಟ್ಟವನು.

ಈಗ ದುಡ್ಡು ಹೋದ ಕಥೆ. ಅವ್ವನ ಮಾತು ಕೇಳುವ ಮೊದಲೇ ಕಲಬುರಗಿಯ ಒಬ್ಬ ಹೋಲ್‌ಸೇಲ್ ವ್ಯಾಪಾರಿಯಿಂದ ಇನ್ನೂರು ರೆಡಿಮೇಡ್ ಚಷ್ಮಾ ತಂದಿದ್ದೆ, ಬಹುಪಾಲು ಎರಡೂವರೆಯೇ. ಸುಮಾರು ಒಂಬತ್ತು ಸಾವಿರ ಬಿತ್ತು. ಅದರಲ್ಲಿ ನೂರಾ ಮೂವತ್ತು ಹಾಗೇ ಉಳಿದವು, ವಾಪಸ್ ತೆಗೆದುಕೊಳ್ಳಲಿಲ್ಲ. ಎರಡನೇ ಸಲ ಪವರ್ ಸರಿ ಮಾಡಿಕೊಂಡೆ, ಆದರೆ ನೋಡಲು ಚಂದ ಅಂತ ಲೋಹದ ಫ್ರೇಮ್ ತಂದೆ. ನಮ್ಮ ಬೇಸಿಗೆ ನಿಮಗೆ ಗೊತ್ತಲ್ವಾ, 42 ಡಿಗ್ರಿ. ಬೆವರಿಗೆ ಎರಡೇ ತಿಂಗಳಲ್ಲಿ ಮೂಗಿನ ಹತ್ತಿರ ಹಸಿರು ಹತ್ತಿತು, ಒಬ್ಬ ಅಕ್ಕನಿಗೆ ಚರ್ಮ ಸುಲಿಯಿತು. ಅಲ್ಲೊಂದು ನಾಲ್ಕೈದು ಸಾವಿರ ಹೋಯಿತು. ಮೂರನೇ ತಪ್ಪು ಬೈಫೋಕಲ್. ದೂರ, ಹತ್ತಿರ ಎರಡೂ ಒಂದರಲ್ಲೇ ಆಗಲಿ ಅಂತ ಹನ್ನೆರಡು ಜನಕ್ಕೆ ಮಾಡಿಸಿಕೊಟ್ಟೆ. ತಲೆ ಮೇಲೆ ಬುಟ್ಟಿ ಹೊತ್ತು ಮೆಟ್ಟಿಲು ಇಳಿಯುವವರು ಕೆಳಗಿನ ಗಾಜಿನಿಂದ ಕಾಲು ನೋಡಿದರೆ ನೆಲವೇ ಮಬ್ಬು. ಒಬ್ಬ ಆಯಿ ಹೊಸ್ತಿಲಲ್ಲಿ ಎಡವಿ ಬಿದ್ದಳು. ಮೂಳೆ ಮುರಿಯಲಿಲ್ಲ, ಅಷ್ಟು ಪುಣ್ಯ. ಅವತ್ತಿನಿಂದ ಹೊರೆ ಹೊರುವವರಿಗೆ ಬೈಫೋಕಲ್ ಬಂದ್. ಒಟ್ಟು ಮೊದಲ ವರ್ಷ ಹದಿನೆಂಟು ಸಾವಿರದ ಆಸುಪಾಸು ಮುಳುಗಿತು.

ನಮ್ಮ ಭಾವ "ಹಳ್ಯಾಗ ಪುಕ್ಕಟೆ ಚಷ್ಮಾ ಕೊಡ್ತಾರ, ನಿನಗ್ಯಾರು ರೊಕ್ಕ ಕೊಡ್ತಾರೋ?" ಎಂದರು. ಅಂಗಡಿ ಇಟ್ಟುಕೊಂಡ ಗೆಳೆಯರೂ ಹಾಗೇ ಅಂದರು. ನನಗೆ ಒಂದೇ ನಂಬಿಕೆ. ಸರಿಯಾಗಿ ಕಂಡರೆ ಜನ ರೊಕ್ಕ ಕೊಡುತ್ತಾರೆ.

ಆಮೇಲೆ ಚಾರ್ಟ್ ಮನೆಯಲ್ಲಿ ಬಿಟ್ಟು ಮೊರ ತೆಗೆದುಕೊಂಡು ಸಂತೆಗೆ ಹೋದೆ. ಸಂತೆಯಲ್ಲಿ ಒಂದು ಚಾಪೆ, ಒಂದು ಮೊರ, ಎರಡು ಹಿಡಿ ಬೇಳೆ, ಅದರಲ್ಲಿ ಎಣಿಸಿ ಹಾಕಿದ ಇಪ್ಪತ್ತು ಸಣ್ಣ ಕಲ್ಲು. ಎರಡು ನಿಮಿಷ ಕೊಡುತ್ತೇನೆ. ಐವತ್ತು ದಾಟಿದವರು ಬರಿಗಣ್ಣಿನಲ್ಲಿ ಏಳೆಂಟು ಕಲ್ಲು ತೆಗೆಯುತ್ತಾರೆ. ಗೇಣಿನಲ್ಲಿ ಅಳೆದು ಪವರ್ ಹಾಕಿದ ಮೇಲೆ ಹದಿನಾರು ಹದಿನೇಳು. ತೆಗೆದ ಕಲ್ಲನ್ನು ಅವರ ಅಂಗೈಯಲ್ಲೇ ಇಟ್ಟು ಅವರಿಂದಲೇ ಎಣಿಸುತ್ತೇನೆ. ಎಣಿಸುವಾಗ ಅವರ ಮುಖ ನೋಡಬೇಕು ನೀವು. ಯಾವ ಥರದ ಕಲ್ಲು ಹಾಕುತ್ತೇನೆ ಅನ್ನುವುದನ್ನು ಮಾತ್ರ ಬರೆಯುವುದಿಲ್ಲ. ಅದನ್ನು ಹುಡುಕಲು ನನಗೆ ಆರು ತಿಂಗಳು ಹಿಡಿದಿದೆ.

ಎಲ್ಲರಿಗೂ ಎರಡು ಗೇಣು ನಾಲ್ಕು ಬೆರಳು ಅಲ್ಲ. ದಾಲ್ ಮಿಲ್ಲಿನಲ್ಲಿ ನೆಲದ ಮೇಲೆ ರಾಶಿ ಹರಡಿಕೊಂಡು ಕೂರುವವರಿಗೆ ಮೂರು ಗೇಣು ಆಗುತ್ತದೆ, ಅವರಿಗೆ ಒಂದೂವರೆ ಸಾಕು. ಕೌದಿ ಹೊಲಿಯುವವರು ಮೂಗಿನ ಹತ್ತಿರ ಹಿಡಿಯುತ್ತಾರೆ, ಅವರಿಗೆ ಹಳೇ ಎರಡೂವರೆಯೇ ಸರಿ. ನನ್ನಲ್ಲಿ ಉಳಿದಿದ್ದ ನೂರಾ ಮೂವತ್ತರಲ್ಲಿ ಎಂಬತ್ತು ಕೌದಿಯವರಿಗೇ ಹೋದವು. ಎರಡು ಕಣ್ಣಿನ ಪವರ್ ನಡುವೆ ಅರ್ಧಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ದರೆ, ಸಿಲಿಂಡರ್ (ಓರೆ ನೋಟ ತಿದ್ದುವ ಪವರ್) ಇದ್ದರೆ ರೆಡಿಮೇಡ್ ಕೊಡಬೇಡಿ, ಇದು ನಿಮಗೆ ಹೇಳಬೇಕಾಗಿಲ್ಲ. ಪಿ.ಡಿ., ಅಂದರೆ ಎರಡು ಪಾಪೆಗಳ ನಡುವಿನ ದೂರ, ಅದನ್ನು ಮಾತ್ರ ನೋಡಿ. ರೆಡಿಮೇಡ್ ಬರುವುದು 62, 64 ಮಿಲಿಮೀಟರಿನಲ್ಲಿ, ನಮ್ಮ ಹೆಣ್ಣುಮಕ್ಕಳದು 58, 60. ಮಧ್ಯಾಹ್ನದ ಹೊತ್ತಿಗೆ ಹಣೆ ನೋವು ಅಂದರೆ ಮೊದಲು ಅದನ್ನೇ ಅಳೆಯಿರಿ.

ಇನ್ನೊಂದು ತೊಂದರೆ ಸೆರಗಿನದು. ತಲೆ ಮೇಲೆ ಸೆರಗು ಹೊದ್ದರೆ ಚಷ್ಮಾದ ಕಡ್ಡಿ ಮೇಲಕ್ಕೆ ಏಳುತ್ತದೆ, ಬೆವರಿಗೆ ಫ್ರೇಮ್ ಜಾರುತ್ತದೆ, ಹತ್ತು ಸಲ ಸರಿ ಮಾಡಿಕೊಂಡು ಬೇಸತ್ತು ತೆಗೆದಿಡುತ್ತಾರೆ. ಇಲಾಸ್ಟಿಕ್ ಕಟ್ಟಿದೆ, ಕಿವಿ ಹಿಂದೆ ಉರಿ ಎಂದರು. ಲಾಡಿ ಕಟ್ಟಿದೆ, ಕೂದಲಿಗೆ ಸಿಕ್ಕಿಕೊಂಡಿತು. ಕೊನೆಗೆ ಹಗುರ ಪ್ಲಾಸ್ಟಿಕ್ ಫ್ರೇಮಿನ ಕಡ್ಡಿಯನ್ನು ಬಿಸಿ ಉಪ್ಪಿನಲ್ಲಿ ಕಾಸಿ ಒಂದು ಥರ ಬಗ್ಗಿಸಿದೆ. ಆ ಬಾಗು ಬರೆದು ತಿಳಿಸುವಂಥದ್ದಲ್ಲ, ಬಂದರೆ ಕೈಯಲ್ಲಿ ತೋರಿಸುತ್ತೇನೆ.

ರೊಕ್ಕದ ವಿಷಯ. ನನಗೆ ಒಂದಕ್ಕೆ ಐವತ್ತರ ಹತ್ತಿರ ಬೀಳುತ್ತದೆ, ನೂರಾ ಐವತ್ತಕ್ಕೆ ಕೊಡುತ್ತೇನೆ. ಮೊದಲ ದಿನ ಒಂದು ರೂಪಾಯಿಯೂ ತೆಗೆದುಕೊಳ್ಳುವುದಿಲ್ಲ. "ಮೂರನೇ ಸಂತಿಗಿ ಕೊಡ್ರಿ, ಬ್ಯಾಡಾದ್ರ ಚಷ್ಮಾ ವಾಪಸ್ ಕೊಡ್ರಿ" ಅಂತೀನಿ. ನೂರು ಜನರಲ್ಲಿ ಏಳೆಂಟು ಜನ ರೊಕ್ಕ ಕೊಟ್ಟಿಲ್ಲ, ಹತ್ತಿಪ್ಪತ್ತು ಜನ ಚಷ್ಮಾ ವಾಪಸ್ ಕೊಟ್ಟಿದ್ದಾರೆ. ವಾಪಸ್ ಕೊಟ್ಟವರಿಂದಲೇ ನಾನು ಹೆಚ್ಚು ಕಲಿತೆ. ಯಾಕೆ ಬೇಡ ಅಂತ ಕೇಳಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೇನೆ. ಪವರ್ ಸರಿಯಿಲ್ಲ ಅಂದವರು ಕಡಿಮೆ. "ಮುದುಕಿ ಕಂಡಂಗ ಕಾಣ್ತೀನಂತ ಸೊಸಿ ನಕ್ಕಳು" ಅಂದವರೇ ಜಾಸ್ತಿ. ಅದಕ್ಕೇ ಈಗ ಸೊಸೆಯನ್ನೂ ಚಾಪೆ ಮೇಲೆ ಕೂರಿಸಿ ಅತ್ತೆಯ ಕಲ್ಲು ಎಣಿಸಲು ಹೇಳುತ್ತೇನೆ. ಒಂದು ಮಿಲ್ಲಿನ ಸಾವ್ಕಾರರನ್ನು ಒಪ್ಪಿಸಲು 2018ರಲ್ಲಿ ಪ್ರಕಟವಾದ ಅಸ್ಸಾಂ ಚಹಾ ತೋಟದ ಅಧ್ಯಯನ ತೋರಿಸಿದ್ದೆ. ನಲವತ್ತು ದಾಟಿದ ಕೂಲಿಕಾರರಿಗೆ ಹತ್ತಿರದ ಚಷ್ಮಾ ಕೊಟ್ಟಾಗ, ಕೊಡದವರಿಗಿಂತ ಅವರ ಎಲೆ ಕೀಳುವ ಕೆಲಸ ಶೇಕಡಾ 20ಕ್ಕಿಂತ ಮೇಲೆ ಏರಿತ್ತು. ಸಾವ್ಕಾರರು ಕಾಗದ ಮಡಚಿಟ್ಟು "ಅಸ್ಸಾಂ ಅಸ್ಸಾಂದಾಗ ಇರ್ಲಿ, ಇಲ್ಲಿ ತೋರ್ಸು" ಎಂದರು. ಅವರ ಮಿಲ್ಲಿನಲ್ಲೇ ನಾಲ್ವರಿಗೆ ಹಾಕಿ ತೋರಿಸಿದೆ.

ಚಷ್ಮಾ ನೆಪದಲ್ಲಿ ಚಾಪೆಗೆ ಬರುವವರಲ್ಲಿ ಬೇರೆ ಕಾಯಿಲೆಗಳೂ ಸಿಗುತ್ತವೆ. ಈ ಕೆಲಸದಲ್ಲಿ ನನಗೆ ತುಂಬಾ ಮುಖ್ಯ ಅನ್ನಿಸಿದ್ದು ಇದು. ಪ್ರತಿಯೊಬ್ಬರಿಗೂ ದೂರದ ದೃಷ್ಟಿ ನೋಡುತ್ತೇನೆ, ಪಿನ್‌ಹೋಲ್, ಅಂದರೆ ಸೂಜಿ ತೂತಿನ ಬಿಲ್ಲೆ, ಇಡುತ್ತೇನೆ. ಪಿನ್‌ಹೋಲಿನಲ್ಲೂ ನೋಟ ಏರಲಿಲ್ಲ ಅಂದರೆ ಅದು ನನ್ನ ಅಂಗಡಿಯ ಕೆಲಸವಲ್ಲ, ಕಲಬುರಗಿಗೆ ಕಣ್ಣಿನ ಡಾಕ್ಟರ ಹತ್ತಿರ ಕಳಿಸುತ್ತೇನೆ. ಒಬ್ಬ ಆಯಿ ಬಂದು "ನನಗ ಕಣ್ಣು ವಾಪಸ್ ಬಂದಾವ, ಚಷ್ಮಾ ಇಲ್ದೇ ಸೂಜಿ ಪೋಣಿಸ್ತೀನಿ" ಎಂದಳು. ಮನೆಯವರೆಲ್ಲ ಖುಷಿಯಾಗಿದ್ದರು. ಟಾರ್ಚ್ ಬಿಟ್ಟು ನೋಡಿದರೆ ಪಾಪೆಯ ಹಿಂದೆ ಕಂದು ಬಣ್ಣದ ಮೋತಿಬಿಂದು (ಕಣ್ಣಿನ ಪೊರೆ). ಒಳಗಿನ ಲೆನ್ಸ್ ಗಟ್ಟಿಯಾಗಿ ಮೈನಸ್ ಪವರ್ ಬಂದಿದ್ದರಿಂದ ಹತ್ತಿರದ್ದು ಕಾಣುತ್ತಿತ್ತು, ದೂರದ ಕಣ್ಣು ಹೋಗುತ್ತಿತ್ತು. "ಹಣ್ಣಾಗ್ಲಿ, ಚಳಿಗಾಲದಾಗ ಮಾಡ್ಸೋಣ" ಎಂದ ಅವಳ ಮಗನನ್ನು ಪಕ್ಕಕ್ಕೆ ಕರೆದು ಹೇಳಿದೆ. ಈಗಿನ ಆಪರೇಷನ್ನಿಗೆ ಹಣ್ಣಾಗುವುದೂ ಬೇಕಿಲ್ಲ, ಚಳಿಗಾಲವೂ ಬೇಕಿಲ್ಲ. ತೀರಾ ಬಲಿತರೆ ಕಣ್ಣಿನ ಒತ್ತಡ ಏರಿ ಇರುವ ದೃಷ್ಟಿಯೂ ಹೋಗಬಹುದು. ಮೇ ತಿಂಗಳಲ್ಲೇ ಮಾಡಿಸಿದರು.

ಮೂರು ತಿಂಗಳಲ್ಲಿ ಎರಡು ಸಲ ಪವರ್ ಬದಲಾಯಿತು ಅಂತ ಬಂದವರಿಗೆ ಲೆನ್ಸ್ ಬದಲಿಸಬೇಡಿ, ಮೊದಲು ಶುಗರ್ ನೋಡಿಸಿ. ಹೀಗೆ ಬಂದ ಒಬ್ಬ ಕಿರಾಣಿ ಅಂಗಡಿ ಕಾಕಾನಿಗೆ ಮುನ್ನೂರು ದಾಟಿತ್ತು, ಅವರಿಗೇ ಗೊತ್ತಿರಲಿಲ್ಲ. ಶುಗರ್ ಇದ್ದವರು ಕಣ್ಣು ಚೆನ್ನಾಗಿ ಕಂಡರೂ ವರ್ಷಕ್ಕೊಮ್ಮೆ ಪಾಪೆ ಅಗಲ ಮಾಡಿಸಿ ರೆಟಿನಾ (ಕಣ್ಣಿನ ಹಿಂಭಾಗದ ಪರದೆ) ನೋಡಿಸಿಕೊಳ್ಳಬೇಕು. ಕಾಣದ ಹಂತಕ್ಕೆ ಬಂದ ಮೇಲೆ ಪೂರ್ತಿ ಸರಿ ಮಾಡುವುದು ಕಷ್ಟ. ಗ್ಲಾಕೋಮಾ ಇನ್ನೂ ಮೋಸದ್ದು. ಬಹಳ ಸಲ ನೋವಿಲ್ಲದೆ ಅಂಚಿನಿಂದ ನೋಟ ತಿನ್ನುತ್ತಾ ಬರುತ್ತದೆ, ಹೋದದ್ದು ವಾಪಸ್ ಬರುವುದಿಲ್ಲ. ಮನೆಯಲ್ಲಿ ಯಾರಿಗಾದರೂ ಇದೆ ಅಂದರೆ ಅಣ್ಣತಮ್ಮ, ಅಕ್ಕತಂಗಿ, ಮಕ್ಕಳು ಎಲ್ಲರನ್ನೂ ಕಳಿಸುತ್ತೇನೆ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆ. ಶಹಾಬಾದ್ ಕಲ್ಲಿನ ಪಾಲಿಶ್ ಮಾಡುವ ಹುಡುಗರಿಗೆ ಗಾಗಲ್ಸ್ ಕೊಟ್ಟೆ. ಬಿಸಿಲಿಗೆ ಒಳಗೆ ಹಬೆ ಕಟ್ಟಿ ಹಣೆಗೆ ಏರಿಸಿಕೊಂಡು ಕೆಲಸ ಮಾಡಿದರು, ಧೂಳಿಗೆ ತಿಂಗಳಲ್ಲೇ ಗೀರು ಬಿದ್ದು ಮಂಜಾಯಿತು. ಪಕ್ಕದಲ್ಲಿ ಗಾಳಿ ತೂತು ಇರುವುದನ್ನು ತಂದ ಮೇಲೆ ಅರ್ಧ ಜನ ಹಾಕುತ್ತಿದ್ದಾರೆ. ಅದು ಇನ್ನೂ ಗೆದ್ದಿಲ್ಲ.

ತೊಗರಿ ರಾಶಿಯ ಕಾಲದ್ದು ಬೇರೆಯೇ ಕಥೆ. ಡಿಸೆಂಬರ್, ಜನವರಿಯಲ್ಲಿ ಕಟ್ಟಿಗೆ ಚುಚ್ಚಿ, ಹೊಟ್ಟು ಬಿದ್ದು ಬರುವವರು ಜಾಸ್ತಿ. ಮೊದಲು ನಾಲಿಗೆಯಿಂದ ಕಸ ತೆಗೆಸುತ್ತಾರೆ, ಆಮೇಲೆ ಮೆಡಿಕಲ್‌ನಿಂದ ಹನಿ ತಂದು ಹಾಕುತ್ತಾರೆ. ಆ ಹನಿಯಲ್ಲಿ ಸ್ಟೆರಾಯ್ಡ್ ಇದ್ದರೆ ಎರಡು ದಿನ ಕೆಂಪು ಇಳಿದಂತೆ ಕಾಣುತ್ತದೆ, ಒಳಗೆ ಫಂಗಸ್ ಹಬ್ಬುತ್ತದೆ. ಕರಿಗುಡ್ಡೆ ಮೇಲೆ ಬಿಳಿ ಚುಕ್ಕೆ ಬಂದ ಒಬ್ಬ ಯುವಕ ಐದನೇ ದಿನ ನನ್ನ ಹತ್ತಿರ ಬಂದ. ಅವತ್ತೇ ಬಸ್ ಹತ್ತಿಸಿದೆ. ಕಣ್ಣು ಉಳಿಯಿತು, ಕಲೆ ಉಳಿಯಿತು, ನೋಟ ಅರ್ಧವೇ. ಮೊದಲ ದಿನ ಶುದ್ಧ ನೀರಲ್ಲಿ ತೊಳೆದು, ಉಜ್ಜದೆ, ನೇರ ಡಾಕ್ಟರ ಹತ್ತಿರ ಹೋಗಿದ್ದರೆ ಪೂರ್ತಿ ಉಳಿಯುತ್ತಿತ್ತೇನೋ ಎಂದು ನನಗೆ ಈಗಲೂ ಸಂಕಟ. ಬೇಸಿಗೆಯಲ್ಲಿ ಕಣ್ಣು ತುರಿಸಿಕೊಳ್ಳುವ ಮಕ್ಕಳಿಗೂ ಇದೇ ಹನಿಯನ್ನು ತಿಂಗಳುಗಟ್ಟಲೆ ಹಾಕುವ ತಾಯಂದಿರಿದ್ದಾರೆ. ಅದರಿಂದಲೇ ಮಕ್ಕಳಿಗೆ ಗ್ಲಾಕೋಮಾ ಬರಬಹುದು. ಹನಿಯ ಬಾಟಲಿ ತೋರಿಸಿ ಅಂತ ನಾನು ಎಲ್ಲರನ್ನೂ ಕೇಳುತ್ತೇನೆ, ನೀವೂ ಕೇಳಿ.

ಬೆಳಕಿನದೂ ಒಂದು ಪ್ರಯೋಗ ಮಾಡಿದೆ. ಬಾಗಿಲಿಗೆ ಮುಖ ಮಾಡಿ ಕೂತರೆ ಬೆಳಕು ಕಣ್ಣಿಗೆ ಹೊಡೆಯುತ್ತದೆ. ಬಾಗಿಲು ಎಡಭುಜದ ಹಿಂದೆ ಬರುವಂತೆ ತಿರುಗಿ ಕೂತರೆ ಬೆಳಕು ಮೊರಕ್ಕೆ ಬೀಳುತ್ತದೆ. ಚಷ್ಮಾ ಇಲ್ಲದೆಯೂ ಎರಡು ಮೂರು ಕಲ್ಲು ಜಾಸ್ತಿ ಸಿಗುತ್ತವೆ. ಇದಕ್ಕೆ ರೊಕ್ಕ ಬೇಕಿಲ್ಲ, ಎಲ್ಲರಿಗೂ ಹೇಳಿಕೊಡುತ್ತೇನೆ.

ಎರಡು ವರ್ಷದಲ್ಲಿ ಒಂಬೈನೂರರ ಹತ್ತಿರ ಚಷ್ಮಾ ಹೋಗಿವೆ. ಮುಳುಗಿದ ಹದಿನೆಂಟು ಸಾವಿರ ಎಂದೋ ವಾಪಸ್ ಬಂತು. ಮೊನ್ನೆ ಆ ಮಿಲ್ಲಿನ ಸಾವ್ಕಾರರೇ ಫೋನ್ ಮಾಡಿ "ನಲವತ್ತು ಚಷ್ಮಾ ಕಳ್ಸು, ರೊಕ್ಕ ನಾ ಕೊಡ್ತೀನಿ" ಎಂದರು. ಹಾಗೆ ಕಳಿಸಲು ಬರುವುದಿಲ್ಲ, ಎಲ್ಲರನ್ನೂ ಅವರ ಜಾಗದಲ್ಲೇ ಕೂರಿಸಿರಿ, ಬಂದು ಗೇಣು ಹಾಕಿ ಅಳೆಯುತ್ತೇನೆ ಎಂದೆ. ಸೋಮವಾರ ಹೋಗಬೇಕು, ಈ ಸಲ ಅವ್ವನೂ ಬರುತ್ತೇನೆ ಅಂದಿದ್ದಾಳೆ.