ಆರ್‌ಸಿಸಿಬಿ ಬೈಪಾಸ್ ಮಾಡದ ಮನೆ: ಮೋಲ್ಡ್ ಹಂತದಲ್ಲೇ ನ್ಯೂಟ್ರಲ್ ಬೇರೆ ಮಾಡಿದ ನನ್ನ ಅನುಭವ

"ಆರ್‌ಸಿಸಿಬಿ ಹಾಕಿದ್ರೆ ದಿನಾ ಟ್ರಿಪ್ ಆಗುತ್ತೆ, ಆಮೇಲೆ ಓನರ್ರೇ ಬೈಪಾಸ್ ಮಾಡಿಸ್ತಾರೆ, ಸುಮ್ನೆ ಯಾಕಣ್ಣ ದುಡ್ಡು ದಂಡ?" ನಮ್ಮ ವೈರಿಂಗ್ ಲೈನಿನಲ್ಲಿ ಈ ಮಾತು ಕೇಳದವರಿಲ್ಲ. ಆರ್‌ಸಿಸಿಬಿ ಅಂದರೆ ಕರೆಂಟು ಅರ್ಥಿಗೋ ಮೈಗೋ ಸೋರಿದರೆ ತಾನೇ ಲೈನ್ ಕಡಿಯುವ ಸ್ವಿಚ್; ಹಾಗೆ ಕಡಿಯುವುದೇ ಟ್ರಿಪ್, ನಮ್ಮ ಮಾತಿನಲ್ಲಿ ಬೀಳುವುದು. ಎಷ್ಟೋ ಮನೆಗಳ ಡಿಬಿ (ಮನೆಯ ಎಲ್ಲ ಲೈನುಗಳೂ ಕವಲೊಡೆಯುವ ಬಾಕ್ಸ್) ಬಿಚ್ಚಿದರೆ ಆರ್‌ಸಿಸಿಬಿ ಶೋಕಿಗೆ ಕೂತಿರುತ್ತದೆ, ವೈರು ಪಕ್ಕದಲ್ಲೇ ಹಾದು ಹೋಗಿರುತ್ತದೆ. ಸರ್ಕ್ಯೂಟಿಗೊಂದು ನ್ಯೂಟ್ರಲ್ (ಫೇಸಿನಲ್ಲಿ ಹೋದ ಕರೆಂಟು ವಾಪಸ್ ಬರುವ ವೈರ್) ಅಂತ ಪೈಪ್ ಹಾಕುವಾಗಲೇ ಯೋಚಿಸಿದರೆ ಈ ಗೋಳು ಇರುವುದಿಲ್ಲ ಎಂದು ನಾನು ಹೇಳುತ್ತಾ ಬಂದಾಗ ನಕ್ಕವರೇ ಹೆಚ್ಚು. ಈಗ ಆ ಲೆಕ್ಕದಲ್ಲಿ ಮಾಡಿದ ಮನೆಗಳು ಮಳೆಗಾಲ ದಾಟಿವೆ, ಒಂದು ಕಡೆಯೂ ಬೈಪಾಸ್ ಆಗಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ. ಲೆಕ್ಕವೆಲ್ಲ 30×40 ಸೈಟಿನ ಕೆಳಗೊಂದು ಮೇಲೊಂದು ಅಂತಸ್ತಿನ, ಸಾಲಿಡ್ ಬ್ಲಾಕಿನ, ತ್ರೀ ಫೇಸ್ ಮನೆಯದು. ರೇಟು ನೆನಪಿನಿಂದ ಹೇಳುತ್ತಿದ್ದೇನೆ, ತಾಮ್ರದ ಬೆಲೆ ನೋಡಿಕೊಂಡು ಹೆಚ್ಚುಕಡಿಮೆ ಮಾಡಿಕೊಳ್ಳಿ.

ಟ್ರಿಪ್ ಎಲ್ಲಿಂದ ಬರುತ್ತದೆ ಅನ್ನುವುದು ಮೊದಲು. ಹಾಳಾದ ಗೀಸರ್ ಕಾಯಿಲ್, ಒದ್ದೆ ಗೋಡೆ ಇವು ಇದ್ದದ್ದೇ. ಆದರೆ ಹೊಸ ಮನೆಯಲ್ಲಿ ಮೊದಲ ದಿನವೇ ಟ್ರಿಪ್ ಆದರೆ ಬಹುಪಾಲು ಅದು ಎರವಲು ನ್ಯೂಟ್ರಲ್, ಅಂದರೆ ಒಂದು ಸರ್ಕ್ಯೂಟಿನ ಫೇಸಿಗೆ ಇನ್ನೊಂದರ ನ್ಯೂಟ್ರಲ್. ಮೂರು ಜಾಗದಲ್ಲಿ ಸಿಗುತ್ತದೆ. ಒಂದು, ಮೆಟ್ಟಿಲಿನ ಟೂ ವೇ (ಒಂದೇ ಲೈಟನ್ನು ಕೆಳಗಿಂದಲೂ ಮೇಲಿಂದಲೂ ಹಾಕುವ ಸ್ವಿಚ್): ಫೇಸ್ ಕೆಳಗಿನ ಹಾಲಿನದು, ಲ್ಯಾಂಡಿಂಗ್ ಲೈಟಿಗೆ ನ್ಯೂಟ್ರಲ್ ಮಾತ್ರ ಹತ್ತಿರ ಸಿಕ್ಕಿತು ಅಂತ ಮೇಲಿನ ಫ್ಯಾನ್ ಬಾಕ್ಸಿನದು. ಎರಡು, ಇನ್ವರ್ಟರ್ ಲೈನ್: ಫೇಸ್ ಬೇರೆ ಎಳೆದಿರುತ್ತಾರೆ, ನ್ಯೂಟ್ರಲ್ ರೂಮಿನ ಮಾಮೂಲಿ ಕಪ್ಪು ವೈರೇ. ಮೂರು, ಸೀಲಿಂಗ್ ಜಂಕ್ಷನ್ ಬಾಕ್ಸ್: ಎರಡು ರೂಮಿನ ಕಪ್ಪು ವೈರು ಒಂದೇ ಗಂಟಿನಲ್ಲಿ. ತನ್ನ ಮೂಲಕ ಹೋದ ಕರೆಂಟು ಅಷ್ಟೂ ತನ್ನ ಮೂಲಕವೇ ವಾಪಸ್ ಬರಬೇಕು ಅನ್ನುವುದೊಂದೇ ಆರ್‌ಸಿಸಿಬಿಗೆ ಗೊತ್ತಿರುವುದು. ಒಂದು ಆರ್‌ಸಿಸಿಬಿಯ ಫೇಸಿನ ಕರೆಂಟು ಇನ್ನೊಂದರ ನ್ಯೂಟ್ರಲ್ ಬಾರಿಗೆ (ನ್ಯೂಟ್ರಲ್ ವೈರುಗಳು ಸೇರುವ ಪಟ್ಟಿ) ಹೋದರೆ ಎರಡೂ ಬೀಳುತ್ತವೆ. 9 ವ್ಯಾಟಿನ ಒಂದು ಎಲ್ಇಡಿ ಬಲ್ಬಿನ ನ್ಯೂಟ್ರಲ್ ತಪ್ಪಿದರೂ ಸಾಕು, ಸುಮಾರು 40 ಮಿಲಿ ಆಂಪ್ ಆಗಿಬಿಡುತ್ತದೆ. 30 ಮಿಲಿ ಆಂಪಿಗೆ ಬೀಳುವ ಆರ್‌ಸಿಸಿಬಿ ನಿಲ್ಲುವುದಿಲ್ಲ.

ಇದನ್ನು ವೈರ್ ಎಳೆಯುವಾಗ ಸರಿ ಮಾಡಲು ಹೋದರೆ ಪೈಪಿನಲ್ಲಿ ಜಾಗ ಇರುವುದಿಲ್ಲ. ಮೋಲ್ಡ್ (ತಾರಸಿ ಕಾಂಕ್ರೀಟ್) ಹಾಕುವ ಮೊದಲೇ ದಾರಿ ಮಾಡಿಕೊಳ್ಳಬೇಕು. ನನ್ನ ಪದ್ಧತಿಯಲ್ಲಿ ಡಿಬಿಯಿಂದ ಪ್ರತಿ ರೂಮಿನ ಮೇನ್ ಸ್ವಿಚ್ ಬೋರ್ಡಿಗೆ ನೇರ ಒಂದು 25 ಎಂಎಂ ಪೈಪ್, ನಡುವೆ ಎಲ್ಲೂ ವೈರಿಗೆ ಜಾಯಿಂಟ್ ಇಲ್ಲ. ಫ್ಯಾನ್, ಲೈಟ್ ಪಾಯಿಂಟಿಗೆ ಆ ಬೋರ್ಡಿನಿಂದ ಹೊರಟ ಪೈಪ್. ಫ್ಯಾನ್ ಬಾಕ್ಸ್ ಫ್ಯಾನಿಗಷ್ಟೇ. ಅಲ್ಲಿಂದ ಪಕ್ಕದ ರೂಮಿಗೆ ದಾರಿ ಕೊಡುವುದಿಲ್ಲ. ದಾರಿ ಇದ್ದರೆ ಮುಂದೆ ಯಾರಾದರೂ ಹುಡುಗ ಅದರಲ್ಲಿ ನ್ಯೂಟ್ರಲ್ ಎಳೆದೇ ಎಳೆಯುತ್ತಾನೆ.

ತಕರಾರು ಬರುವುದು ಇಲ್ಲೇ. ಡಿಬಿ ಗೋಡೆಯ ಮೇಲೆ ಹತ್ತು ಹನ್ನೆರಡು ಪೈಪ್ ಒಂದೇ ಕಡೆ ಇಳಿಯುತ್ತವೆ, ಕೆಳಗೆ ಬೀಮ್ ಇದ್ದರೆ ಎಂಜಿನಿಯರ್ ಒಪ್ಪುವುದಿಲ್ಲ. ಅವರು ಹೇಳುವುದು ನ್ಯಾಯವೇ. ಪೈಪುಗಳನ್ನು ಕಟ್ಟಿಗೆ ಹೊರೆಯ ಹಾಗೆ ಒಟ್ಟಿಗೆ ಕಟ್ಟಿ ಇಳಿಸಿದರೆ ನಡುವೆ ಕಾಂಕ್ರೀಟ್ ಹೋಗುವುದಿಲ್ಲ, ಸೆಂಟ್ರಿಂಗ್ ಬಿಚ್ಚಿದಾಗ ಜೇನುಗೂಡು. ಪೈಪಿಂದ ಪೈಪಿಗೆ 20 ಎಂಎಂ ಜಲ್ಲಿ ಸಲೀಸಾಗಿ ಇಳಿಯುವಷ್ಟು, ಅಂದರೆ ಒಂದಿಂಚಿಗಿಂತ ಸ್ವಲ್ಪ ಹೆಚ್ಚು ಬಿಡಬೇಕು. ಡಿಬಿಯನ್ನು 6 ಇಂಚಿನ ಗೋಡೆಯಲ್ಲೇ ಇಡಿ, ಕಾಲಮ್ಮಿಂದ ದೂರ. ಮೇಲಿನ ಅಂತಸ್ತಿನ ಪೈಪುಗಳಿಗೆ ಅದೇ ಗೋಡೆಯ ನೇರದಲ್ಲಿ ಮೋಲ್ಡಿನಲ್ಲಿ ಸ್ಲೀವ್ ಬಿಡಿಸಿಕೊಳ್ಳುತ್ತೇನೆ.

5 ಇಂಚಿನ ಸ್ಲ್ಯಾಬಿನಲ್ಲಿ ಪೈಪ್ ಕೆಳಗಿನ ಕಂಬಿಯ ಮೇಲೆ, ಮೇಲಿನ ಎಕ್ಸ್‌ಟ್ರಾ ಕಂಬಿಯ ಕೆಳಗೆ ಹೋಗಬೇಕು. ಎರಡು ಪೈಪ್ ಒಂದರ ಮೇಲೊಂದು ದಾಟಬಹುದು. ಮೂರು ದಾಟಿದರೆ ಮೇಲೆ ಕವರ್ ಸಿಗುವುದಿಲ್ಲ, ಅಲ್ಲೇ ಬಿರುಕು. ಮೂರು ಮೂರೂವರೆ ಅಡಿಗೊಮ್ಮೆ ಬೈಂಡಿಂಗ್ ವೈರಿನಲ್ಲಿ ಕಟ್ಟುತ್ತೇನೆ. ಬೆಂಡ್ ಅಂಗಡಿಯದು ಬೇಡ, ಸ್ಪ್ರಿಂಗ್ ಹಾಕಿ ಪೈಪನ್ನೇ ಅಗಲವಾಗಿ ಬಗ್ಗಿಸಿ. ಒಂದು ಎಳೆತದಲ್ಲಿ ಎರಡಕ್ಕಿಂತ ಹೆಚ್ಚು ಬೆಂಡ್ ಬಂದರೆ ನಡುವೆ ಪುಲ್ ಬಾಕ್ಸ್ ಬೇಕು, ಅದನ್ನು ಗೋಡೆಯಲ್ಲಿ ಕೊಡಿ. ಕಾಲರಿಗೆ (ಪೈಪಿಗೆ ಪೈಪ್ ಜೋಡಿಸುವ ತುಂಡು) ಸೊಲ್ಯೂಷನ್ ಹಚ್ಚದೆ ಬರೀ ತೂರಿಸಿ ಬಿಡುವ ಚಾಳಿ ಬಹಳ ಇದೆ. ವೈಬ್ರೇಟರ್ ಸೂಜಿ ತಾಗಿದ ತಕ್ಷಣ ಅದು ಕಳಚಿ ಪೈಪ್ ತುಂಬಾ ಸಿಮೆಂಟ್ ನೀರು. ಫ್ಯಾನ್ ಬಾಕ್ಸಿಗೆ ಥರ್ಮಾಕೋಲ್ ಕತ್ತರಿಸಿ ಬಿಗಿಯಾಗಿ ತುಂಬಿ, ಬಾಯಿಗೆ ಟೇಪ್ ಸುತ್ತಿ ಸೆಂಟ್ರಿಂಗ್ ಶೀಟಿಗೆ ಮೊಳೆ. ಪೇಪರ್ ತುಂಬಿದರೆ ನೀರು ಕುಡಿದು ಮುದ್ದೆಯಾಗುತ್ತದೆ. ಕಾಂಕ್ರೀಟ್ ಬೀಳುವ ಹೊತ್ತಿಗೆ ನಮ್ಮ ಕಡೆಯ ಒಬ್ಬ ಅಲ್ಲಿ ನಿಂತಿರಲೇಬೇಕು. ಆ ದಿನದ ಕೂಲಿ ಉಳಿಸಿದವರು ಆಮೇಲೆ ಸೀಲಿಂಗ್ ಒಡೆಸುತ್ತಾರೆ.

ಕಟ್ಟಿಕೊಂಡ ಪೈಪನ್ನು ಸ್ಲ್ಯಾಬ್ ಒಡೆಯದೆ ಬಿಡಿಸುವ ಒಂದು ಉಪಾಯ ನನ್ನ ಹತ್ತಿರ ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದ ಆಗಾಗ ನಾಲ್ಕು ಕಾಸು ಬರುತ್ತದೆ.

ಗೋಡೆ ಕೆಲಸ ಎಲ್ಲರಿಗೂ ಗೊತ್ತಿರುವುದೇ. ಎರಡೇ ಮಾತು. 4 ಇಂಚಿನ ಸಾಲಿಡ್ ಬ್ಲಾಕ್ ಗೋಡೆಯಲ್ಲಿ ಅಡ್ಡ ಕಟಿಂಗ್ ಹೊಡೆಯಬೇಡಿ, ಬೆನ್ನಿಗೆ ಬೆನ್ನು ಬೋರ್ಡ್ ಕೂರಿಸಬೇಡಿ; ಆಚೆ ಈಚೆ ಕನಿಷ್ಠ ಒಂದಡಿ ಸರಿಸಿ. 25ರ ಪೈಪಿಗೆ ಒಂದೂವರೆ ಇಂಚು ಆಳ, ಮೇಲೆ ಚಿಕನ್ ಮೆಶ್. ಮೆಶ್ ಇಲ್ಲದೆ ಮುಚ್ಚಿದ ಕಟಿಂಗ್ ಪೇಂಟ್ ಆದಮೇಲೆ ಗೆರೆ ಬಿಡುತ್ತದೆ, ಗಾರೆಯವರು ನಮ್ಮ ಮೇಲೆ, ನಾವು ಅವರ ಮೇಲೆ.

ಈಗ ಡಿಬಿ. ಮೂರೂ ಫೇಸಿಗೆ ಸೇರಿ ಒಂದು ಫೋರ್ ಪೋಲ್ ಆರ್‌ಸಿಸಿಬಿ ಹಾಕಿದರೆ ಎಲ್ಲಿ ಲೀಕ್ ಆದರೂ ಇಡೀ ಮನೆ ಕತ್ತಲು, ಹುಡುಕುವುದೂ ಕಷ್ಟ. ನಾನು ಹಾಕುವುದು ಪರ್ ಫೇಸ್ ಐಸೋಲೇಶನ್ ಡಿಬಿ: ಫೇಸಿಗೊಂದು ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) 40 ಆಂಪ್, 30 ಮಿಲಿ ಆಂಪ್ ಆರ್‌ಸಿಸಿಬಿ, ಒಂದೊಂದಕ್ಕೂ ಅದರದೇ ನ್ಯೂಟ್ರಲ್ ಬಾರ್. ಕೆಂಪು ಫೇಸಿನಲ್ಲಿ ಕೆಳಗಿನ ಪ್ಲಗ್ಗುಗಳು ಮತ್ತು ಒಂದು ಗೀಸರ್, ಹಳದಿಯಲ್ಲಿ ಮೇಲಿನ ಪ್ಲಗ್ಗುಗಳು ಮತ್ತು ಇನ್ನೊಂದು ಗೀಸರ್, ನೀಲಿಯಲ್ಲಿ ಅಡುಗೆಮನೆ, ವಾಷಿಂಗ್ ಮೆಷಿನ್, ಎಸಿ. ಗೀಸರ್, ಎಸಿಗೆ 4 ಸ್ಕ್ವೇರ್ ಎಂಎಂ, 16 ಆಂಪ್ ಪ್ಲಗ್ಗಿಗೆ 2.5, ಲೈಟಿಗೆ 1.5. ಒಂದೇ ಬೋರ್ಡಿನಲ್ಲಿ ಎರಡು ಫೇಸ್ ಬರಕೂಡದು ಎಂದು ಬೇರೆ ಹೇಳಬೇಕಿಲ್ಲ. ನ್ಯೂಟ್ರಲ್ ಎಲ್ಲ ಕಪ್ಪೇ ಆದ್ದರಿಂದ ಎರಡೂ ತುದಿಗೆ ನಂಬರ್ ಫೆರೂಲ್ (ನಂಬರ್ ಅಚ್ಚಾದ ಪ್ಲಾಸ್ಟಿಕ್ ಬಳೆ) ಹಾಕದೆ ವೈರ್ ಎಳೆಯುವುದಿಲ್ಲ. ಪೇಪರ್ ಟೇಪಿನ ಮೇಲೆ ಪೆನ್ನಿನಲ್ಲಿ ಬರೆದದ್ದು ಪುಟ್ಟಿ ಧೂಳಿಗೆ ಅಳಿಸಿಹೋಗುತ್ತದೆ. ಒಂದು 25ರ ಪೈಪಿನಲ್ಲಿ 1.5ರ ವೈರು ಏಳೆಂಟಕ್ಕೆ ನಿಲ್ಲಿಸುತ್ತೇನೆ, ಪೈಪಿಗೆಷ್ಟು ವೈರ್ ಅನ್ನುವ ಟೇಬಲ್ಲಿನಲ್ಲಿ ಇನ್ನೂ ಹೆಚ್ಚಿದ್ದರೂ ಸರಿ.

ಮೆಟ್ಟಿಲಿಗೆ ಕೆಳಗಿನ ಸ್ವಿಚ್ಚಿಂದ ಮೇಲಿನದಕ್ಕೆ ಒಂದು ಪೂರ್ತಿ ಪೈಪ್. ಟೂ ವೇಯ ಎರಡು ವೈರಿನ ಜೊತೆ ಅದೇ ಸರ್ಕ್ಯೂಟಿನ ನ್ಯೂಟ್ರಲ್ಲೂ ಅರ್ಥೂ ಹೋಗಬೇಕು. ಹತ್ತು ಹನ್ನೆರಡು ಮೀಟರ್ ಕಪ್ಪು ವೈರಿನ ಜಿಪುಣತನಕ್ಕೆ ಎಷ್ಟು ಆರ್‌ಸಿಸಿಬಿ ಬಲಿಯಾಗಿವೆಯೋ.

ಇನ್ವರ್ಟರಿಗೆ ನಾಲ್ಕನೆಯ ಆರ್‌ಸಿಸಿಬಿ, ಪಕ್ಕದಲ್ಲಿ ಒಂದು ಚಿಕ್ಕ ಡಿಬಿಯಲ್ಲಿ. ಇನ್ವರ್ಟರ್ ಇನ್‌ಪುಟ್ಟಿಗೆ ಮೇನ್ ಕಡೆಯಿಂದ, ಅಂದರೆ ಆ ಮೂರೂ ಆರ್‌ಸಿಸಿಬಿಗಳ ಹಿಂದಿನಿಂದ ಎಂಸಿಬಿ (ಓವರ್‌ಲೋಡ್, ಶಾರ್ಟ್ ಆದರೆ ಕಡಿಯುವ ಸ್ವಿಚ್) ಹಾಕಿ ಫೇಸ್, ನ್ಯೂಟ್ರಲ್ ಎರಡನ್ನೂ ಕೊಡಿ. ಔಟ್‌ಪುಟ್ಟಿನ ಫೇಸೂ ನ್ಯೂಟ್ರಲ್ಲೂ ನಾಲ್ಕನೆಯದರ ಒಳಗೆ ಹೋಗಿ ತನ್ನದೇ ಬಾರಿಗೆ. ಮನೆಯ ಲೈಟು, ಫ್ಯಾನಿನ ಎಲ್ಲ ಕಪ್ಪು ವೈರು ಆ ಬಾರಿಗೆ ಮಾತ್ರ. ಗೀಸರ್ ಕೆಟ್ಟು ಕೆಂಪು ಬಿದ್ದರೂ ಲೈಟ್ ಆರುವುದಿಲ್ಲ. ಓನರುಗಳಿಗೆ ಹಿಡಿಸುವುದು ಇದೊಂದೇ, ಉಳಿದದ್ದು ಅವರಿಗೆ ಬೇಕಿಲ್ಲ.

ಕೆಲವು ಚಿಲ್ಲರೆ ಪ್ರಯೋಗಗಳನ್ನೂ ಮಾಡಿ ನೋಡಿದೆ. ಸ್ಲ್ಯಾಬಿನಲ್ಲಿ 20 ಎಂಎಂ ಪೈಪ್: ದುಡ್ಡು ಉಳಿದದ್ದು ನೂರಿನ ಲೆಕ್ಕದಲ್ಲಿ, ಆಮೇಲೆ ಒಂದು ಸರ್ಕ್ಯೂಟ್ ಸೇರಿಸಲೂ ಆಗದು. ಸುರುಳಿ ಫ್ಲೆಕ್ಸಿಬಲ್ ಪೈಪ್: ಹಾಕುವುದು ಹೂವೆತ್ತಿದ ಹಾಗೆ, ಎಳೆಯುವಾಗ ಪ್ರತಿ ಗೆರೆಗೂ ವೈರ್ ಕಚ್ಚುತ್ತದೆ, ಸ್ಲ್ಯಾಬಿಗೆ ಬೇಡವೇ ಬೇಡ. ವೈರ್ ಜಾರಲು ಸೋಪಿನ ಪುಡಿ, ಟಾಲ್ಕಂ ಪೌಡರ್ ಎರಡನ್ನೂ ನೋಡಿದೆ, ಪೌಡರ್ ವಾಸಿ. ಈಗ ಬಳಸುವುದು ಬೇರೆ, ಅದು ಅಂಗಡಿಯಲ್ಲಿ ಸಿಗುವುದಲ್ಲ.

ಖರ್ಚಿನ ವಿಷಯ. ಮಾಮೂಲಿ ಪದ್ಧತಿಗಿಂತ ಹೆಚ್ಚಾದದ್ದು 1.5ರ ಕಪ್ಪು ವೈರ್ ನಾಲ್ಕು ಕಾಯಿಲ್, 90 ಮೀಟರಿನದು ಒಂದಕ್ಕೆ 2,300ರ ಆಸುಪಾಸು. 25ರ ಮೀಡಿಯಂ ಪೈಪ್ ನಲವತ್ತು ಲೆಂಗ್ತ್, ಮೂರು ಮೀಟರಿನದು ತೊಂಬತ್ತೋ ನೂರೋ. ಕಾಲರ್, ಫೆರೂಲ್ ಅಂತ ಏಳೆಂಟು ನೂರು. ಫೋರ್ ಪೋಲ್ ಒಂದರ ಬದಲು ಡಬಲ್ ಪೋಲ್ ನಾಲ್ಕು ಬಂದಾಗ ನಾಲ್ಕೂವರೆ ಐದು ಸಾವಿರ ಮೇಲೆ, ಡಿಬಿ ದೊಡ್ಡದಾದ್ದಕ್ಕೆ ಇನ್ನೆರಡು. ಎಲ್ಲ ಸೇರಿ ಇಪ್ಪತ್ತು ಸಾವಿರ ಚಿಲ್ಲರೆ. ಲೇಬರಿಗೆ ಚದರಡಿ ಮೇಲೆ ಐದು ರೂಪಾಯಿ ಹೆಚ್ಚು ಕೇಳುತ್ತೇನೆ; ಕೊಡದವರ ಮನೆಗೆ ಹಳೆಯ ಪದ್ಧತಿಯಲ್ಲೇ ಮಾಡುವ ಬೇರೆಯವರು ಬೇಕಾದಷ್ಟು ಇದ್ದಾರೆ.

ಟೆಸ್ಟಿಂಗ್ ಬಿಟ್ಟರೆ ಇಷ್ಟೂ ವ್ಯರ್ಥ. ವೈರ್ ಎಳೆದು, ಫಿಟಿಂಗ್ ಹಾಕುವ ಮೊದಲು, ನಾಲ್ಕೂ ನ್ಯೂಟ್ರಲ್ ಬಾರುಗಳನ್ನು ಆರ್‌ಸಿಸಿಬಿಯಿಂದ ಬಿಚ್ಚಿ ಒಂದಕ್ಕೊಂದು ಮಲ್ಟಿಮೀಟರ್ ಹಿಡಿಯಿರಿ. ಬೀಪ್ ಬಂದರೆ ಎಲ್ಲೋ ಕಪ್ಪು ವೈರು ಅಡ್ಡದಾರಿ ಹಿಡಿದಿದೆ. ಆಮೇಲೆ 500 ವೋಲ್ಟ್ ಮೆಗ್ಗರ್ (ವೈರಿನ ಇನ್ಸುಲೇಶನ್ ಅಳೆಯುವ ಮೀಟರ್), ಫೇಸಿಂದ ಅರ್ಥಿಗೆ, ನ್ಯೂಟ್ರಲ್ಲಿಂದ ಅರ್ಥಿಗೆ. ಹಳೆಯ ಲೆಕ್ಕದಲ್ಲಿ 50 ಮೆಗಾ ಓಮನ್ನು ಪಾಯಿಂಟುಗಳ ಸಂಖ್ಯೆಯಿಂದ ಭಾಗಿಸಬೇಕು, ಹತ್ತು ಪಾಯಿಂಟಿಗೆ 5 ಬಂದರೆ ಪಾಸು. ಹೊಸ ವೈರಿಗೆ ಅಷ್ಟು ಸಾಲದು. 50ಕ್ಕಿಂತ ಕೆಳಗೆ ತೋರಿಸಿದ ಸರ್ಕ್ಯೂಟನ್ನು ನಾನು ಬಿಡುವುದಿಲ್ಲ. ನ್ಯೂಟ್ರಲ್ಲೂ ಅರ್ಥೂ ತಾಗುವುದೇ ಹೆಚ್ಚು. ಜಿಐ ಬಾಕ್ಸಿನ ತೂತಿನ ಅಂಚು ಚಾಕುವಿನ ಹಾಗಿರುತ್ತದೆ, ಸ್ಕ್ರೂ ಬಿಗಿ ಮಾಡುವಾಗ ಹಿಂದಿನ ಕಪ್ಪು ವೈರು ಸುಲಿಯುತ್ತದೆ. ಎಂಸಿಬಿ ಆಫ್ ಇದ್ದರೂ ಆರ್‌ಸಿಸಿಬಿ ಬೀಳುತ್ತಿದೆ ಎಂದರೆ ಮೊದಲು ಅಲ್ಲೇ ನೋಡಿ. ಸಿಂಗಲ್ ಪೋಲ್ ಎಂಸಿಬಿ ನ್ಯೂಟ್ರಲ್ ಕತ್ತರಿಸುವುದಿಲ್ಲವಲ್ಲ. ಬಾಕ್ಸಿನ ತೂತಿಗೆಲ್ಲ ಗ್ರಾಮೆಟ್ (ರಬ್ಬರ್ ಬಳೆ) ಹಾಕಿ, ಒಂದೆರಡು ರೂಪಾಯಿಯ ಮಾಲು.

ಕರೆಂಟ್ ಬಂದ ಮೇಲೆ ಟೆಸ್ಟ್ ಬಟನ್ ಒತ್ತಿ ಕೈ ತೊಳೆದುಕೊಳ್ಳಬೇಡಿ. ಅದು ಒಳಗಿನ ರೆಸಿಸ್ಟರ್ ಮೇಲೆ ಕೆಲಸ ಮಾಡುತ್ತದೆ, ಅರ್ಥ್ ವೈರೇ ಇಲ್ಲದಿದ್ದರೂ ಬೀಳುತ್ತದೆ. ದೇವರ ಮನೆಗೆ ಹಾಕುವ ಜೀರೋ ಬಲ್ಬ್, 15 ವ್ಯಾಟಿನದು, ಹೋಲ್ಡರಿಗೆ ಹಾಕಿ ಪ್ರತಿ ಪ್ಲಗ್ಗಿನ ಫೇಸಿಂದ ಅರ್ಥ್ ಪಿನ್ನಿಗೆ ಕೊಡುತ್ತೇನೆ. ಸುಮಾರು 65 ಮಿಲಿ ಆಂಪ್ ಎಳೆಯಬೇಕು, ಬಲ್ಬ್ ಹತ್ತುವ ಮೊದಲೇ ಬೀಳಬೇಕು. ಬೀಳದಿದ್ದರೆ ಆ ಪ್ಲಗ್ಗಿಗೆ ಅರ್ಥ್ ಮುಟ್ಟಿಲ್ಲ; ಬಲ್ಬ್ ಹತ್ತಿಯೂ ಬೀಳದಿದ್ದರೆ ಆರ್‌ಸಿಸಿಬಿಯೇ ಕೆಲಸ ಮಾಡುತ್ತಿಲ್ಲ. ಆ ಹೊತ್ತಿನಲ್ಲಿ ಮನೆಯಲ್ಲಿ ಬೇರೆ ಯಾರೂ ಗೀಸರ್, ಫ್ರಿಜ್ ಮುಟ್ಟದ ಹಾಗೆ ನೋಡಿಕೊಳ್ಳಿ. ಇನ್ವರ್ಟರ್ ಲೈನನ್ನು ಇನ್‌ಪುಟ್ಟಿನ ಎಂಸಿಬಿ ಆಫ್ ಮಾಡಿ ಬ್ಯಾಟರಿಯ ಮೇಲೂ ಇದೇ ರೀತಿ ಪರೀಕ್ಷಿಸಿ. ಇನ್ವರ್ಟರ್ ಪ್ಲಗ್ ಕಿತ್ತಿಟ್ಟರೆ ನ್ಯೂಟ್ರಲ್ ತೇಲಿ (ಅರ್ಥಿನ ನಂಟು ಕಳಚಿ) ಟ್ರಿಪ್ ಆಗದೆ ಉಳಿಯಬಹುದು. ಅದಕ್ಕೇ ಇನ್‌ಪುಟ್ಟನ್ನು ಪ್ಲಗ್ಗಿಲ್ಲದೆ ನೇರ ಟರ್ಮಿನಲ್ಲಿಗೆ ಕೊಡುವುದು, ಆಫ್ ಮಾಡಲು ಹಿಂದೆ ಸಿಂಗಲ್ ಪೋಲ್ ಎಂಸಿಬಿ.

ಹೊರಗಿನ ಗೇಟ್ ಲೈಟು, ಸಂಪ್ ಮೋಟರು, ಗಿಡಗಳ ನಡುವಿನ ಲೈಟು ಇವನ್ನು ಈ ನಾಲ್ಕರಲ್ಲಿ ಯಾವುದಕ್ಕೂ ಸೇರಿಸುವುದಿಲ್ಲ. ಮಳೆ ಬಂದರೆ ಕಾಂಪೌಂಡಿನ ಬಾಕ್ಸಿನಲ್ಲಿ ನೀರು ನಿಲ್ಲುವುದು ಗ್ಯಾರಂಟಿ. ಅದಕ್ಕೆ ಮೇನ್ ಕಡೆಯಿಂದಲೇ 16 ಆಂಪಿನ ಒಂದು ಆರ್‌ಸಿಬಿಒ (ಆರ್‌ಸಿಸಿಬಿ, ಎಂಸಿಬಿ ಎರಡೂ ಒಂದರಲ್ಲೇ ಇರುವುದು), ಎರಡು ಸಾವಿರದ ಮೇಲೆ ಸ್ವಲ್ಪ ಬೀಳುತ್ತದೆ. ನೀರು ಹೊಕ್ಕ ರಾತ್ರಿ ಅದೊಂದು ಬೀಳುತ್ತದೆ, ಬೆಳಗ್ಗೆ ಬಾಕ್ಸ್ ಒರೆಸಿ ಎತ್ತಿದರಾಯಿತು.