ಗಡಿಯಾರ ನೋಡಿ ಕೆಲಸ ನಿಲ್ಲಿಸಿದೆ, ತೊಡೆಸಂದಿನ ನೋವು ಹಿಡಿತಕ್ಕೆ ಬಂತು

2019ರಲ್ಲಿ ಬಲ ತೊಡೆಸಂದಿನ ಹರ್ನಿಯಾಕ್ಕೆ ಪಾಲಿಪ್ರೊಪಿಲೀನ್ ಮೆಶ್ (ಪ್ಲಾಸ್ಟಿಕ್ ಬಲೆ) ಹಾಕಿಸಿಕೊಂಡೆ. ಗಾಯ ಹತ್ತು ದಿನದಲ್ಲಿ ಒಣಗಿತು. ನೋವು ಮಾತ್ರ ಮೂರು ತಿಂಗಳು ಕಳೆದರೂ ಹೋಗದೆ, ಎರಡನೆಯ ವರ್ಷಕ್ಕೆ ಇನ್ನಷ್ಟು ಬಲಿಯಿತು. ಮಡಿಕೇರಿಯಿಂದ ವಿರಾಜಪೇಟೆ ಕಡೆಗೆ ಜೀಪು ಇಳಿಸುವಾಗ ಬ್ರೇಕ್ ತುಳಿದಾಗಲೆಲ್ಲ ತೊಡೆಸಂದಿನಿಂದ ವೃಷಣದವರೆಗೆ ಕಾದ ತಂತಿ ಎಳೆದಂತಾಗುತ್ತಿತ್ತು.

ಮೂರು ಬಾರಿ ಸ್ಕ್ಯಾನ್ ಮಾಡಿಸಿದೆ; ಮೆಶ್ ಸರಿಯಾಗಿಯೇ ಕುಳಿತಿದೆ ಎಂದರು. ಗಾಯ ಮಾಯ್ದ ಗಟ್ಟಿ ಅಂಗಾಂಶದಲ್ಲಿ ಸಿಕ್ಕಿಕೊಂಡ ಸಣ್ಣ ನರ ಸ್ಕ್ಯಾನಿನಲ್ಲಿ ಬಹುತೇಕ ಕಾಣುವುದಿಲ್ಲವೆಂಬುದು ಆಗ ನನಗೆ ತಿಳಿದಿರಲಿಲ್ಲ. ಒಟ್ಟು ಖರ್ಚಾದ ಸುಮಾರು ಒಂದು ಲಕ್ಷದ ನಲವತ್ತು ಸಾವಿರದಲ್ಲಿ ಕಾಲುಭಾಗ ಈ ಸ್ಕ್ಯಾನುಗಳಿಗೇ ಹೋಯಿತೆಂಬ ಸಂಕಟ ಇನ್ನೂ ಇದೆ. "ತೋಟದಲ್ಲಿ ಓಡಾಡು ಮಗ, ತಾನೇ ಸಡಿಲವಾಗುತ್ತದೆ" ಎಂದು ಚಿಕ್ಕಪ್ಪ ಹೇಳುತ್ತಲೇ ಇದ್ದರು.

ಮಾತ್ರೆಗಳದ್ದೂ ಒಂದು ಕಥೆ. ನೋವುನಿವಾರಕ ಟ್ರಮಡಾಲ್‌ನಿಂದ ಮಲಬದ್ಧತೆಯಾಗಿ, ತಿಣುಕಿದಷ್ಟೂ ನೋವು ಹೆಚ್ಚಿತು. ನರನೋವಿನ ಔಷಧ ಪ್ರಿಗ್ಯಾಬಲಿನ್ ನೋವನ್ನು ತಗ್ಗಿಸಿತಾದರೂ ಇಳಿಜಾರಿನಲ್ಲಿ ತಲೆ ತಿರುಗಿಸಿತು. ವೈದ್ಯರು ಅದನ್ನು ಹಂತಹಂತವಾಗಿ ಇಳಿಸಿ, ರಾತ್ರಿಗೆ 10 ಮಿಲಿಗ್ರಾಂ ಅಮಿಟ್ರಿಪ್ಟಿಲಿನ್ ಕೊಟ್ಟ ಮೇಲೆ ನಿದ್ದೆ ಬಂತು.

ದಾರಿ ತೆರೆದದ್ದು ಮೈಸೂರಿನ ನೋವು ತಜ್ಞರೊಬ್ಬರ ಬೆರಳು. ಒಂದು ರೂಪಾಯಿ ನಾಣ್ಯದಷ್ಟು ಜಾಗವನ್ನು ಅವರು ಒತ್ತಿದ ಕೂಡಲೇ ಅದೇ ಉರಿ ಚಿಮ್ಮಿತು. ಅಲ್ಟ್ರಾಸೌಂಡ್ ನೋಡಿಕೊಂಡು ತೊಡೆಸಂದಿಗೆ ಹೋಗುವ ಇಲಿಯೊಇಂಗ್ವಿನಲ್ ನರದ ಬಳಿ ಮರಗಟ್ಟಿಸುವ ಔಷಧ ಮತ್ತು ಸ್ಟಿರಾಯ್ಡ್ ಚುಚ್ಚಿದರು. ಚುಚ್ಚುಮದ್ದು ಒಂದಕ್ಕೆ ಎಂಟೊಂಬತ್ತು ಸಾವಿರ ಆಯಿತು. ಮೊದಲನೆಯದರ ಪರಿಣಾಮ ಮೂರು ವಾರ ಉಳಿಯಿತು. ಹಗುರವಾಯಿತೆಂದು ಮೆಣಸು ಕೊಯ್ಯಲು ಅರ್ಧ ದಿನ ಏಣಿಯ ಮೇಲೆ ನಿಂತೆ. ಐದು ದಿನ ಹಾಸಿಗೆಯಿಂದ ಏಳಲಾಗಲಿಲ್ಲ.

ಎರಡನೆಯ ಚುಚ್ಚುಮದ್ದು ಕೊಟ್ಟ ಬಿಡುವಿನಲ್ಲಿ ಕೆಲಸದ ರೀತಿಯನ್ನೇ ಬದಲಿಸಿದೆ. ನೋವು ಬಂದಾಗ ನಿಲ್ಲಿಸುವುದನ್ನು ಬಿಟ್ಟು, ನೋವಿರಲಿ ಇಲ್ಲದಿರಲಿ, ಹನ್ನೆರಡು ನಿಮಿಷಕ್ಕೆ ಗಡಿಯಾರ ಬಡಿದೊಡನೆ ಕತ್ತಿ ಕೆಳಗಿಟ್ಟು ಐದು ನಿಮಿಷ ಅಂಗಾತ ಮಲಗುತ್ತಿದ್ದೆ. ಹತ್ತು ದಿನಕ್ಕೊಮ್ಮೆ ಎರಡು ನಿಮಿಷವಷ್ಟೇ ಏರಿಸಿದೆ. ಚೆನ್ನಾಗಿರುವ ದಿನ ಹೆಚ್ಚು ಮಾಡದಿರುವುದೇ ಇದರಲ್ಲಿ ಕಠಿಣ ಭಾಗ. ಕೆಲಸದವರ ಮುಂದೆ ಮಲಗಲು ಮೊದಲ ವಾರ ನಾಚಿಕೆಯಾಗಿತ್ತು. ಮಲಗುವಾಗ ಮೊಣಕಾಲಿನ ಕೆಳಗೆ ಏನನ್ನು ಎಷ್ಟು ಎತ್ತರಕ್ಕೆ ಇಡುತ್ತೇನೆಂಬುದನ್ನು ಬರೆದರೆ ತಪ್ಪಾಗಿ ಅನುಸರಿಸಬಹುದು. ಮನೆಗೆ ಬಂದವರಿಗೆ ತೋರಿಸುತ್ತೇನೆ.

ಜೊತೆಗೆ ನಿತ್ಯ ನೋವಿಗೆ ಹತ್ತಕ್ಕೆ ಎಷ್ಟೆಂದು ಅಂಕ ಬರೆದಿಟ್ಟೆ. ಮಳೆಗಾಲದ ಚಳಿಯೇ ಕಾರಣವೆಂದು ಮನೆಯವರೆಲ್ಲ ಹೇಳುತ್ತಿದ್ದರು. ಜುಲೈ ಪುಟಗಳನ್ನು ನೋಡಿದರೆ, ಕೆಟ್ಟ ದಿನಗಳೆಲ್ಲ ಒಲೆಯ ಮುಂದೆ ತಗ್ಗು ಮಣೆಯಲ್ಲಿ ಗಂಟೆಗಟ್ಟಲೆ ಕುಳಿತ ಮಾರನೆಯ ದಿನಗಳಾಗಿದ್ದವು! ಮಣೆ ಬಿಟ್ಟು ಎತ್ತರದ ಕುರ್ಚಿಗೆ ಬಂದೆ. ಬಿಸಿನೀರಿನ ಚೀಲ ನನಗೆ ಒಗ್ಗಿತು, ಮಂಜುಗಡ್ಡೆ ಒಗ್ಗಲಿಲ್ಲ. ಚರ್ಮದ ಮೇಲಿಂದ ಸಣ್ಣ ವಿದ್ಯುತ್ ಹಾಯಿಸುವ, ಎರಡೂವರೆ ಸಾವಿರದ ಟೆನ್ಸ್ ಯಂತ್ರ ಹಚ್ಚಿದಷ್ಟು ಹೊತ್ತು ಮಾತ್ರ ಕೆಲಸ ಮಾಡಿತು.

ನರ ಕತ್ತರಿಸಿ ಮೆಶ್ ತೆಗೆಯುವ ಮಾತೂ ಬಂದಿತ್ತು. ಆ ಭಾಗ ಕಾಯಂ ಆಗಿ ಜೋಮು ಹಿಡಿಯಬಹುದು, ಹರ್ನಿಯಾ ಮರುಕಳಿಸಬಹುದು ಎಂದು ಕೇಳಿ ಸದ್ಯಕ್ಕೆ ಮುಂದೂಡಿದ್ದೇನೆ. ಏಳೆಂಟರಲ್ಲಿದ್ದ ಅಂಕ ಈಗ ಎರಡು ಮೂರರಲ್ಲಿದೆ. ಕಳೆದ ರೋಬಸ್ಟಾ ಕಾಫಿ ಕೊಯ್ಲಿನಲ್ಲಿ ನಲವತ್ತು ನಿಮಿಷದ ಆರು ಸುತ್ತು ತೋಟದಲ್ಲಿ ನಿಂತೆ. ಕಣದ ಲೆಕ್ಕವನ್ನೂ ನಾನೇ ಬರೆದೆ, ಚಿಕ್ಕಪ್ಪ ಪಕ್ಕದಲ್ಲಿ ನಿಂತು ಗಡಿಯಾರ ನೋಡುತ್ತಿದ್ದರು.