308 ವಿಂಚೆಸ್ಟರ್ ಕೋವಿಗೆ ಕಾಡತೂಸು ಆರಿಸಿಕೊಂಡ ಬಗೆ

ಕಾಡತೂಸು ಕೊಳ್ಳುವಾಗ ಹೆಚ್ಚಿನವರ ಕಣ್ಣು ಹೋಗುವುದು ಡಬ್ಬಿಯ ಮೇಲೆ ಅಚ್ಚಾದ ವೇಗದ ಕಡೆಗೆ. ಅದು ಗುಂಡು ನಳಿಗೆಯಿಂದ ಹೊರಬೀಳುವಾಗಿನ ವೇಗ. ಪ್ರಾಣಿಯ ಮೈಗೆ ತಾಗುವ ಹೊತ್ತಿಗೆ ಉಳಿದಿರುವ ವೇಗವೇ ಬೇರೆ. ಗುಂಡು ಸರಿಯಾಗಿ ಅರಳುತ್ತದೋ (ಅಂದರೆ ಮೂತಿ ಹರಡಿ ಅಗಲವಾಗುತ್ತದೋ), ಸಿಡಿದು ಚೂರಾಗುತ್ತದೋ, ಅರಳದೆ ಸೂಜಿಯ ಹಾಗೆ ತೂರಿಹೋಗುತ್ತದೋ ಎಂಬುದನ್ನು ತೀರ್ಮಾನಿಸುವುದು ಆ ಎರಡನೆಯ ವೇಗ. ನಾನು ಆಯ್ಕೆಯನ್ನು ಅಲ್ಲಿಂದಲೇ ಶುರುಮಾಡಿದೆ.

ಇದು ಅಮೆರಿಕದ ಕೊಲರಾಡೋ ರಾಜ್ಯದ ಲೆಕ್ಕ. ನಮ್ಮೂರಿನಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದಮೇಲೆ ಶಿಕಾರಿ ಮುಗಿದ ಮಾತು. ಇಲ್ಲಿ ರಾಜ್ಯವೇ ಲೈಸೆನ್ಸ್ ಕೊಟ್ಟು, ಸೀಸನ್ ಗೊತ್ತುಮಾಡಿ ಮ್ಯೂಲ್ ಡೀರ್ ಎಂಬ ಜಿಂಕೆ ಹೊಡೆಯಲು ಬಿಡುತ್ತದೆ. ನನ್ನದು 308 ವಿಂಚೆಸ್ಟರ್ ಎಂಬ ಅಳತೆಯ ಕಾಡತೂಸು ಹಾರಿಸುವ ಬೋಲ್ಟ್ ಆಕ್ಷನ್ ಕೋವಿ, ಅಂದರೆ ಪ್ರತಿ ಈಡಿಗೂ ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎಳೆದು ನೂಕಬೇಕಾದದ್ದು. 22 ಇಂಚಿನ ನಳಿಗೆ, ಗುಂಡನ್ನು ತಿರುಗಿಸಲು ಅದರೊಳಗೆ ಕೊರೆದ ಸುರುಳಿ ಗೆರೆಗಳ ತಿರುವು 10 ಇಂಚಿಗೊಂದು ಸುತ್ತು. ದೂರಕ್ಕೆ ನಾನೇ ಹಾಕಿಕೊಂಡ ಗಡಿ 300 ಗಜ. ಅದಕ್ಕಿಂತ ಆಚೆ ಹೊಡೆಯುವವರಿಗೆ ಈ ಲೆಕ್ಕ ಹೊಂದುವುದಿಲ್ಲ.

ಮೊದಲು ಕಾನೂನು. ಕೊಲರಾಡೋದಲ್ಲಿ ಜಿಂಕೆಗೆ ಕನಿಷ್ಠ 0.24 ಇಂಚು ವ್ಯಾಸದ, 70 ಗ್ರೇನ್ ತೂಕದ ಗುಂಡು ಬೇಕು. ಎಲ್ಕ್, ಮೂಸ್ ಎಂಬ ದೊಡ್ಡ ಜಾತಿಯ ಜಿಂಕೆಗಳಿಗೆ 85 ಗ್ರೇನ್. 100 ಗಜದಲ್ಲಿ ಕನಿಷ್ಠ 1,000 ಫುಟ್‌ಪೌಂಡ್ ಶಕ್ತಿ ಉಳಿದಿರಬೇಕು. ಗುಂಡು ತಾಗಿದಾಗ ಅರಳುವಂಥದ್ದಾಗಿರಬೇಕು. 308 ಇದನ್ನೆಲ್ಲ ಸುಲಭವಾಗಿ ದಾಟುತ್ತದೆ, ಆದರೆ ಕೊನೆಯ ನಿಯಮದಲ್ಲಿ ಹೊಸಬರು ಎಡವುತ್ತಾರೆ. ಅಂಗಡಿಯಲ್ಲಿ ಅತಿ ಅಗ್ಗಕ್ಕೆ ಸಿಗುವುದು ಮೂತಿಯವರೆಗೂ ತಾಮ್ರ ಮುಚ್ಚಿದ ಮಿಲಿಟರಿ ಮಾದರಿಯ ಗುಂಡು. ಗುರಿ ಅಭ್ಯಾಸಕ್ಕೆ ಅದು ಸರಿ, ಬೇಟೆಗೆ ಸಲ್ಲದು. ಅದು ಅರಳದೆ ಸಣ್ಣ ತೂತು ಮಾಡಿ ಹೋಗುತ್ತದೆ, ಪ್ರಾಣಿ ಮೈಲಿಗಟ್ಟಲೆ ಓಡಿ ನರಳಿ ಸಾಯುತ್ತದೆ. ಕ್ಯಾಲಿಫೋರ್ನಿಯಾದವರಿಗೆ ಇನ್ನೊಂದು ಕಟ್ಟಳೆ ಇದೆ: 2019ರ ಜುಲೈ 1ರಿಂದ ಅಲ್ಲಿ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷಿದ್ಧ. ಅವರು ತಾಮ್ರದ ಗುಂಡುಗಳ ನಡುವೆಯೇ ಆರಿಸಬೇಕು.

ಆಮೇಲೆ ಗುಂಡಿನ ಕಟ್ಟಡ. ಇದರ ಮೇಲೆ ನಾನು ಹೆಚ್ಚು ಹೊತ್ತು ಕಳೆದೆ. 308ಕ್ಕೆ ಕಾರ್ಖಾನೆಯ ಕಾಡತೂಸು ಬಹುತೇಕ 150ರಿಂದ 180 ಗ್ರೇನ್ ಒಳಗೆ ಬರುತ್ತದೆ. ನಮ್ಮ ಲೆಕ್ಕದಲ್ಲಿ 9.7ರಿಂದ 11.7 ಗ್ರಾಂ. ಈ ಎರಡು ಗ್ರಾಂ ವ್ಯತ್ಯಾಸಕ್ಕಿಂತ ಗುಂಡನ್ನು ಹೇಗೆ ಕಟ್ಟಿದ್ದಾರೆ ಎಂಬುದೇ ಜಿಂಕೆಯ ಮೇಲೆ ದೊಡ್ಡ ವ್ಯತ್ಯಾಸ ಮಾಡುತ್ತದೆ.

ಹಳೆಯ ಬಗೆಯಲ್ಲಿ ಸೀಸದ ತಿರುಳಿಗೆ ತಾಮ್ರದ ಹೊದಿಕೆ ಇರುತ್ತದೆ, ಮೂತಿಯಲ್ಲಿ ಸೀಸ ಹೊದಿಕೆಯಿಲ್ಲದೆ ಕಾಣುತ್ತದೆ. ರೆಮಿಂಗ್ಟನ್‌ನ ಕೋರ್‌ಲಾಕ್ಟ್, ವಿಂಚೆಸ್ಟರ್‌ನ ಪವರ್ ಪಾಯಿಂಟ್, ಹಾರ್ನಡಿಯ ಇಂಟರ್‌ಲಾಕ್ ಈ ಜಾತಿ. ಬೆಲೆ ಕಡಿಮೆ, ಬೇಗ ಅರಳುತ್ತದೆ, ಜಿಂಕೆಗೆ ಧಾರಾಳವಾಗಿ ಸಾಕು. ತೊಂದರೆ ಬರುವುದು ಹತ್ತಿರದಲ್ಲಿ: 50 ಗಜದಲ್ಲಿ ಭುಜದ ಮೂಳೆಗೆ ಬಿದ್ದರೆ ವೇಗ ಹೆಚ್ಚಿರುವ ಕಾರಣ ಗುಂಡು ಒಡೆದು, ಮುಂಗಾಲಿನ ಮಾಂಸವೆಲ್ಲ ರಕ್ತ ಹೆಪ್ಪುಗಟ್ಟಿ ಹಾಳಾಗುತ್ತದೆ. ಬಾಂಡೆಡ್ ಬಗೆಯಲ್ಲಿ ಹೊದಿಕೆ ತಿರುಳಿಗೆ ಬೆಸೆದಿರುತ್ತದೆ. ಫೆಡರಲ್ ಫ್ಯೂಷನ್, ನೋಸ್ಲರ್ ಅಕ್ಯುಬಾಂಡ್ ಈ ಸಾಲಿನವು. ಅರಳಿದರೂ ಒಟ್ಟಿಗೇ ಉಳಿಯುತ್ತದೆ, ಇನ್ನೊಂದು ಮಗ್ಗುಲಿಂದ ಹೊರಬರುವ ಸಾಧ್ಯತೆ ಹೆಚ್ಚು. ಎರಡು ತೂತು ಬಿದ್ದರೆ ರಕ್ತದ ಜಾಡು ಸಿಗುತ್ತದೆ. ಪೊದೆಯಲ್ಲಿ ಹುಡುಕಬೇಕಾಗಿ ಬಂದಾಗ ಅದಕ್ಕಿಂತ ದೊಡ್ಡ ಸಹಾಯವಿಲ್ಲ.

ಪೂರ್ತಿ ತಾಮ್ರದ ಗುಂಡು ಒಡೆಯುವುದೇ ಇಲ್ಲ ಎನ್ನಬಹುದು, ದಳ ಬಿಚ್ಚಿದ ಹೂವಿನಂತೆ ತೆರೆದು ನುಗ್ಗುತ್ತದೆ. ಬಾರ್ನ್ಸ್‌ನ ಟಿಟಿಎಸ್‌ಎಕ್ಸ್, ಫೆಡರಲ್‌ನ ಟ್ರೋಫಿ ಕಾಪರ್ ಇಂಥವು. ಮಾಂಸದಲ್ಲಿ ಸೀಸದ ಚೂರು ಸೇರುವುದಿಲ್ಲ. ಮನೆಯಲ್ಲಿ ಸಣ್ಣ ಮಕ್ಕಳೋ ಬಸುರಿಯರೋ ಇದ್ದರೆ ಇದೊಂದೇ ಕಾರಣಕ್ಕೆ ನಾನು ತಾಮ್ರವನ್ನು ಮೊದಲು ಪರೀಕ್ಷಿಸಿ ಎನ್ನುತ್ತೇನೆ. ಆದರೆ ತಾಮ್ರ ಸೀಸಕ್ಕಿಂತ ಹಗುರ, ಆದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಉದ್ದದ ಗುಂಡನ್ನು ಸ್ಥಿರವಾಗಿ ತಿರುಗಿಸಲು ನಳಿಗೆಯ ತಿರುವು ಬಿಗಿಯಾಗಿರಬೇಕು. 12 ಇಂಚಿಗೊಂದು ಸುತ್ತಿನ ಹಳೆಯ ನಳಿಗೆಯಿದ್ದರೆ ತಾಮ್ರದಲ್ಲಿ 150 ಗ್ರೇನ್‌ಗಿಂತ ಮೇಲೆ ಹೋಗುವ ಮುಂಚೆ ಯೋಚಿಸಬೇಕು. ಇದು ತೆರೆದುಕೊಳ್ಳಲು ವೇಗವೂ ಹೆಚ್ಚು ಬೇಕು. ತಾಗುವಾಗ ಸೆಕೆಂಡಿಗೆ 2,000 ಅಡಿಗಿಂತ ಕೆಳಗಿಳಿಯುವ ದೂರದಲ್ಲಿ ತಾಮ್ರ ಬಳಸುವುದಿಲ್ಲ ಎಂಬುದು ನಾನು ಎಳೆದುಕೊಂಡ ಗೆರೆ.

ಇನ್ನು ಚೂಪು ಪ್ಲಾಸ್ಟಿಕ್ ಮೂತಿಯ, ಗಾಳಿಯನ್ನು ಚೆನ್ನಾಗಿ ಸೀಳುವ ಭಾರದ ಗುಂಡು. ಹಾರ್ನಡಿಯ 178 ಗ್ರೇನ್ ಇಎಲ್‌ಡಿ ಎಕ್ಸ್ ಇದಕ್ಕೆ ಉದಾಹರಣೆ. ದೂರಕ್ಕೆ ಬಹಳ ಒಳ್ಳೆಯದು. ಆದರೆ 300 ಗಜಕ್ಕೆ ಇದರಿಂದ ಸಿಗುವ ಲಾಭ ಎಷ್ಟು? ಗಂಟೆಗೆ 10 ಮೈಲಿಯ ಅಡ್ಡಗಾಳಿಯಲ್ಲಿ 165 ಗ್ರೇನ್ ಗುಂಡು ಏಳೆಂಟು ಇಂಚು ಸರಿದರೆ, ಇದು ಅದಕ್ಕಿಂತ ಇಂಚು ಚಿಲ್ಲರೆ ಕಡಿಮೆ ಸರಿಯುತ್ತದೆ. ಅಷ್ಟಕ್ಕಾಗಿ ಪ್ರತಿ ಡಬ್ಬಿಗೂ ಹೆಚ್ಚು ದುಡ್ಡು ಕೊಡುವುದು ನನಗೆ ಸರಿಕಾಣಲಿಲ್ಲ.

ಅಂಗಡಿಗೆ ಹೋದಾಗ ನಾಲ್ಕು ಬಗೆಯಲ್ಲೂ ಒಂದೊಂದು ಡಬ್ಬಿ ತಂದೆ. ಡಬ್ಬಿಗೆ 20, ಒಟ್ಟು 80 ಕಾಡತೂಸು. ಎಂಬತ್ತು ಬರೀ ಪರೀಕ್ಷೆಗೇ ಎಂದರೆ ದುಂದು ಅನ್ನಿಸಬಹುದು. ಆದರೆ ನಳಿಗೆಗೆ ಯಾವುದು ಒಗ್ಗುತ್ತದೆ ಎಂದು ಡಬ್ಬಿ ಓದಿ ತಿಳಿಯಲಾಗುವುದಿಲ್ಲ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಕೋವಿಗಳು ಒಂದೇ ಕಾಡತೂಸಿಗೆ ಬೇರೆ ಬೇರೆ ಥರ ನಡೆದುಕೊಳ್ಳುತ್ತವೆ.

ಗುರಿ ಅಭ್ಯಾಸದ ರೇಂಜ್‌ನಲ್ಲಿ ಅನುಸರಿಸಿದ ಕ್ರಮ ಹೀಗೆ. ಕೋವಿಯ ಮುಂಭಾಗ ಮರಳು ಚೀಲದ ಮೇಲೆ, ಹಿಂಭಾಗದಲ್ಲಿ ಹಿಡಿಯ ತುದಿಯ ಕೆಳಗೆ ಇನ್ನೊಂದು ಚೀಲ, 100 ಗಜದಲ್ಲಿ ಕಾಗದ. ಹೊಸ ಬಗೆಗೆ ಬದಲಾಯಿಸಿದಾಗಲೆಲ್ಲ ಮೊದಲ ಮೂರು ಈಡು ಲೆಕ್ಕಕ್ಕಿಲ್ಲ. ಹಿಂದಿನ ಗುಂಡು ನಳಿಗೆಯಲ್ಲಿ ಬಿಟ್ಟುಹೋದ ತಾಮ್ರದ ಲೇಪ ಬೇರೆಯದಾಗಿರುತ್ತದೆ, ಹೊಸದು ನೆಲೆಗೊಳ್ಳಲು ಆ ಮೂರು ಬೇಕು. ಆಮೇಲೆ ಐದು ಹೊಡೆದು, ಬೋಲ್ಟ್ ತೆರೆದಿಟ್ಟು ಕಾಲು ಗಂಟೆ ನಳಿಗೆ ಆರಲು ಬಿಟ್ಟು, ಅದೇ ಕಾಗದದ ಮೇಲೆ ಮತ್ತೆ ಐದು. ತೆಳು ನಳಿಗೆ ಬಿಸಿಯಾದಾಗ ಗುಂಡು ಮೇಲಕ್ಕೋ ಪಕ್ಕಕ್ಕೋ ನಡೆಯುತ್ತಾ ಹೋಗುತ್ತದೆ. ನಳಿಗೆ ತಣ್ಣಗಾಗಲು ಬಿಡದೆ ಹೊಡೆದರೆ ಬಿಸಿಯ ತಪ್ಪನ್ನು ಕಾಡತೂಸಿನ ತಲೆಗೆ ಕಟ್ಟಿದಂತಾಗುತ್ತದೆ.

ಮೂರು ಗುಂಡಿನ ಗ್ರೂಪ್, ಅಂದರೆ ಮೂರೇ ತೂತುಗಳ ಗುಂಪನ್ನು, ನಂಬಬೇಡಿ. ಯಾವ ಡಬ್ಬಿಯಿಂದಲಾದರೂ ಒಮ್ಮೆ ಮೂರು ಗುಂಡು ಒಂದೇ ತೂತಿಗೆ ಹೋದೀತು. ಹತ್ತು ಹೊಡೆದಾಗಲೇ ನಿಜವಾದ ಹರವು ಕಾಣುವುದು. ಅಳೆಯುವಾಗ ಅತಿ ದೂರದ ಎರಡು ತೂತುಗಳ ಹೊರ ಅಂಚಿನಿಂದ ಅಂಚಿಗೆ ಅಳೆದು, ಗುಂಡಿನ ವ್ಯಾಸ 0.308 ಇಂಚು ಕಳೆದೆ. ನನ್ನ ನಳಿಗೆಯಲ್ಲಿ 165 ಗ್ರೇನ್ ಬಾಂಡೆಡ್ ಹತ್ತು ಗುಂಡಿಗೆ 1.4 ಇಂಚು, ಭಾರದ ಚೂಪು ಮೂತಿಯದು 1.6, ಮಾಮೂಲಿ 150 ಗ್ರೇನ್ 1.9, ತಾಮ್ರ 2.6 ಕೊಟ್ಟವು. ಬೇರೆ ನಳಿಗೆಯಲ್ಲಿ ಈ ಸಾಲು ತಲೆಕೆಳಗಾಗಬಹುದು. ಜಿಂಕೆಯ ಎದೆಗೂಡಿನಲ್ಲಿ ಮುಂಗಾಲಿನ ಹಿಂದೆ ಆರು ಇಂಚಿನ ವೃತ್ತವನ್ನು ನಾನು ಗುರಿಯೆಂದು ಹಿಡಿಯುತ್ತೇನೆ. 100 ಗಜದಲ್ಲಿ ಎರಡಿಂಚು ಹರಡುವುದು 300ರಲ್ಲಿ ಆರು ಇಂಚು ಹರಡುತ್ತದೆ, ಅಂದರೆ ನನ್ನ ಕೈಯ ತಪ್ಪಿಗೆ ಜಾಗವೇ ಉಳಿಯುವುದಿಲ್ಲ. ಆದ್ದರಿಂದ ಒಂದೂವರೆ ಇಂಚಿನೊಳಗೆ ಬಂದ 165 ಗ್ರೇನ್ ಫೆಡರಲ್ ಫ್ಯೂಷನ್ ಉಳಿದುಕೊಂಡಿತು.

ಗುಂಡುಗಳು ಹಾರುವಾಗಲೇ ಕ್ರೋನೋಗ್ರಾಫ್ ಇಟ್ಟು ವೇಗ ಬರೆದುಕೊಂಡೆ. ಫ್ಯೂಷನ್ ಡಬ್ಬಿಯ ಮೇಲಿನ ವೇಗ ಸೆಕೆಂಡಿಗೆ 2,700 ಅಡಿ. ನನ್ನ ಕೋವಿಯಲ್ಲಿ ಸರಾಸರಿ 2,645. ಕಂಪನಿಗಳು ಸಾಮಾನ್ಯವಾಗಿ 24 ಇಂಚಿನ ಪರೀಕ್ಷಾ ನಳಿಗೆಯಲ್ಲಿ ಅಳೆಯುತ್ತವೆ, ಒಂದು ಇಂಚು ಕಡಿಮೆಯಾದರೆ 308ರಲ್ಲಿ ಸುಮಾರು 20ರಿಂದ 25 ಅಡಿ ಹೋಗುತ್ತದೆ. ಅಲ್ಲಿಂದ ಲೆಕ್ಕ ಹಾಕಿದರೆ 300 ಗಜದಲ್ಲಿ 2,100ರ ಆಸುಪಾಸು ಉಳಿಯುತ್ತದೆ, ಬಾಂಡೆಡ್ ಗುಂಡು ಅರಳಲು ಧಾರಾಳ. ಅತಿ ವೇಗದ ಮತ್ತು ಅತಿ ನಿಧಾನದ ಗುಂಡಿನ ನಡುವೆ 60 ಅಡಿ ಅಂತರವಿತ್ತು. ಇದನ್ನು ಕಂಡು ಗಾಬರಿಬಿದ್ದು ಒಳ್ಳೆಯ ಕಾಡತೂಸನ್ನು ಬಿಡುವವರಿದ್ದಾರೆ. 300 ಗಜದಲ್ಲಿ ಆ 60 ಅಡಿಯಿಂದ ಆಗುವ ಮೇಲುಕೆಳಗು ಒಂದಿಂಚಿನ ಆಸುಪಾಸು ಅಷ್ಟೇ.

ನಾಲ್ಕು ಬಗೆಗಳಲ್ಲಿ ಗುಂಡು ಬಿದ್ದ ಜಾಗವೂ ಬೇರೆ ಬೇರೆ. ಕೋವಿಯ ಮೇಲಿನ ಸ್ಕೋಪ್ (ಗುರಿ ನೋಡುವ ದುರ್ಬೀನು) ಮುಟ್ಟದಿದ್ದರೂ ಒಂದು ಬಗೆ ಇನ್ನೊಂದಕ್ಕಿಂತ ಮೂರು ಇಂಚು ಎಡಕ್ಕೆ ಬಿತ್ತು. ಕಾಡಿಗೆ ಹೊರಡುವ ಹಿಂದಿನ ದಿನ ಅಂಗಡಿಯಲ್ಲಿ ಇದ್ದದ್ದನ್ನು ಕೊಂಡುಕೊಂಡು ಹೋಗುವವರ ಗುರಿ ತಪ್ಪುವುದು ಬಹಳಷ್ಟು ಸಲ ಇದರಿಂದಲೇ.

ಆರಿಸಿದ ಮೇಲೆ ಒಂದೇ ಲಾಟ್ ನಂಬರಿನ, ಅಂದರೆ ಒಂದೇ ಕಂತಿನಲ್ಲಿ ತಯಾರಾದ, ಐದು ಡಬ್ಬಿ ಕೊಂಡೆ. ಆ ನಂಬರು ಡಬ್ಬಿಯ ಮಡಿಕೆಯ ಮೇಲೆ ಅಚ್ಚಾಗಿರುತ್ತದೆ, ಹೊರಗೆ ಕಾಣದಿದ್ದರೆ ಮಡಿಕೆ ತೆರೆದು ನೋಡಿ. ಲಾಟ್ ಬದಲಾದರೆ ಮದ್ದಿನ ಕಂತು ಬದಲಾಗಿರಬಹುದು, ಮತ್ತೆ ಜೀರೋ (ಗೊತ್ತುಮಾಡಿದ ದೂರದಲ್ಲಿ ಸ್ಕೋಪಿನ ಗುರಿಗೇ ಗುಂಡು ಬೀಳುವ ಹೊಂದಿಕೆ) ನೋಡಲೇಬೇಕು. 200 ಗಜಕ್ಕೆ ಜೀರೋ ಮಾಡಿದೆ: 100ರಲ್ಲಿ ಎರಡು ಇಂಚು ಮೇಲೆ, 300ರಲ್ಲಿ ಸುಮಾರು ಒಂಬತ್ತು ಇಂಚು ಕೆಳಗೆ. ಈ ಅಂಕಿಯನ್ನು ಫೋನಿನ ಲೆಕ್ಕಕ್ಕೆ ಬಿಡದೆ, ಮೂರೂ ದೂರದಲ್ಲಿ ಕಾಗದದ ಮೇಲೆ ಹೊಡೆದೇ ಖಚಿತಮಾಡಿಕೊಂಡೆ. ಆಗಸ್ಟಿನ ಬಿಸಿಲಲ್ಲಿ ಮಾಡಿದ ಜೀರೋವನ್ನು ನವೆಂಬರಿನ ಚಳಿಯಲ್ಲಿ ಮತ್ತೆ ನೋಡಬೇಕು, ತಣ್ಣಗಾದ ಮದ್ದು ನಿಧಾನ ಉರಿಯುತ್ತದೆ. ಪ್ರತಿ ಸಲ ರೇಂಜ್‌ಗೆ ಹೋದಾಗ ತಣ್ಣನೆಯ ನಳಿಗೆಯ ಮೊದಲ ಈಡನ್ನು ಬೇರೆ ಕಾಗದಕ್ಕೆ ಹೊಡೆದು ಇಟ್ಟುಕೊಳ್ಳುತ್ತೇನೆ. ಕಾಡಿನಲ್ಲಿ ಸಿಗುವುದು ಅದೊಂದೇ ಈಡು.

ಕಾಡಿಗೆ ಒಯ್ಯುವ ಹತ್ತನ್ನು ಒಂದೊಂದಾಗಿ ಕೈಗೆ ತೆಗೆದುಕೊಂಡು ನೋಡುತ್ತೇನೆ. ಹಿತ್ತಾಳೆ ಕೋಶದ ಕೊರಳ (ಗುಂಡು ಕೂತಿರುವ ಕಿರಿದಾದ ಭಾಗದ) ಬಳಿ ನೀಲಿ ಛಾಯೆಯಿದ್ದರೆ ಅದು ಕಾರ್ಖಾನೆಯಲ್ಲಿ ಹದಗೊಳಿಸಿದ ಗುರುತು, ದೋಷವಲ್ಲ. ಕೊರಳ ಕೆಳಗಿನ ಇಳಿಜಾರು ಭುಜದಲ್ಲಿ ತಗ್ಗು, ಕೊರಳಲ್ಲಿ ಕೂದಲೆಳೆಯ ಸೀಳು, ಬೆನ್ನಿನ ಕೇಪು (ಬಡಿದಾಗ ಮದ್ದಿಗೆ ಕಿಡಿ ಹೊತ್ತಿಸುವ ಭಾಗ) ಅಂಚಿಗಿಂತ ಉಬ್ಬಿರುವುದು, ಗುಂಡು ಉಳಿದವಕ್ಕಿಂತ ಒಳಗೆ ಕುಸಿದಿರುವುದು: ಇವುಗಳಲ್ಲಿ ಒಂದಿದ್ದರೂ ಅದನ್ನು ಬದಿಗಿಡುತ್ತೇನೆ. ಕಡೆಯದು ಅಪಾಯದ್ದು, ಗುಂಡು ಒಳಗೆ ಕುಸಿದರೆ ಒತ್ತಡ ಏರುತ್ತದೆ. ದಿನವೂ ಸಂಜೆ ಕೋವಿ ಖಾಲಿಮಾಡಿ ಬೆಳಿಗ್ಗೆ ಮತ್ತೆ ಅದೇ ಕಾಡತೂಸನ್ನು ನಳಿಗೆಗೆ ನೂಕಿದರೆ ಹೀಗಾಗಬಹುದು. ಆದ್ದರಿಂದ ನಳಿಗೆಗೆ ಮೊದಲು ಹೋಗುವ ಮೇಲಿನ ಕಾಡತೂಸನ್ನು ದಿನವೂ ಬದಲಾಯಿಸುತ್ತೇನೆ. ಕೋವಿಯ ಕುದುರೆ ಎಳೆದರೂ ಗುಂಡು ಹಾರದಿದ್ದರೆ ನಳಿಗೆಯ ಮೂತಿ ಗುರಿಯ ಕಡೆಗೇ ಇಟ್ಟು ಕನಿಷ್ಠ 30 ಸೆಕೆಂಡು ಕಾದು ಆಮೇಲೆ ಬೋಲ್ಟ್ ತೆರೆಯಬೇಕು. ಸದ್ದು ಅರೆಬರೆ ಬಂದು ಒದೆತವೇ ಇಲ್ಲದಿದ್ದರೆ ನಳಿಗೆಯೊಳಗೆ ಗುಂಡು ಸಿಕ್ಕಿದೆಯೆಂದು ತಿಳಿದು, ಖಾಲಿಮಾಡಿ, ಹಿಂದಿನಿಂದ ಬೆಳಕು ಹಾಯಿಸಿ ನೋಡುವವರೆಗೆ ಇನ್ನೊಂದು ಹೊಡೆಯಬಾರದು.

ಊರಿಗೆ ಹೋಗುವವರಿಗೆ ಒಂದು ಮಾತು. ಬೇಟೆಗೆ ಒಯ್ದ ಜಾಕೆಟ್ಟನ್ನೂ ಬೆನ್ನುಚೀಲವನ್ನೂ ಬೆಂಗಳೂರಿನ ವಿಮಾನಕ್ಕೆ ತರಬೇಡಿ. ಮರೆತು ಜೇಬಿನ ಮೂಲೆಯಲ್ಲಿ ಉಳಿದ ಒಂದು ಕಾಡತೂಸು ಸಾಕು, ಭಾರತದ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸಾಗುತ್ತದೆ. ನನ್ನ ಬೇಟೆಯ ಚೀಲ ಬೇರೆ, ಪ್ರಯಾಣದ ಚೀಲ ಬೇರೆ. ಸೀಸನ್ ಮುಗಿದ ದಿನ ಉಳಿದವನ್ನು ಎಣಿಸಿ, ಹೊಡೆದ ಲೆಕ್ಕದ ಜೊತೆ ತಾಳೆ ನೋಡಿ, ಲಾಟ್ ನಂಬರು ಕಾಣುವಂತೆ ಮೂಲ ಡಬ್ಬಿಗೇ ಹಾಕಿ ಬೀಗದ ಪೆಟ್ಟಿಗೆಯಲ್ಲಿ ಇಡುತ್ತೇನೆ.